ಯಾವ ಊರಿನ ಗಾಳಿಗೆ ಯಾವ ಮೈಕು

"ಮೈಕ್ ಹ್ವಾದ ವರ್ಷನ ತಗೊಂಡಿ. ಈಗ ಲಂಡನ್ನಿಗೆ ಹೋಗಾಕ ಮತ್ತ ಬಾಡಿಗಿ ಮೈಕ್ ಯಾಕೋ ತಮ್ಮಾ? ಇದ್ದದ್ದನ್ನ ಒಯ್ಯಾಕ ಏನಾಗೇತಿ?"

ಕೇಳಿದವರು ಗೋಡೆಯಾಚೆಯ ಕಾಕಾ. ವಿಜಯಪುರದ ಕಡೆಯವರು, ಪುಣೆಯ ಪಕ್ಕದ ದೇಹೂ ರೋಡಿನ ಆರ್ಡ್‌ನನ್ಸ್ ಡಿಪೋದಲ್ಲಿ ದುಡಿದು ನಿವೃತ್ತರಾಗಿ ಇಲ್ಲೇ ಮನೆ ಮಾಡಿದವರು. ಮಾತಿಗೆ ನಿಂತರೆ ಲೋಣಾವಳದ ಲೋಕಲ್ಲು ಒಂದು ಹೋಗಿ ಇನ್ನೊಂದು ಬಂದರೂ ಕದಲುವವರಲ್ಲ. ನಾನು ಸಿನಿಮಾದಲ್ಲಿ ಸೌಂಡ್ ರೆಕಾರ್ಡ್ ಮಾಡುವವನು. ಅವರ ಪ್ರಶ್ನೆ ನ್ಯಾಯವಾದದ್ದು, ನಿರ್ಮಾಪಕರೂ ಇದನ್ನೇ ಕೇಳುತ್ತಾರೆ.

"ಮೈಕ್ ಒಯ್ಯಬಹುದ್ರಿ ಕಾಕಾ. ಆದ್ರ ಅದು ಮಾತಾಡೋ ಜಾಗಾ ಅಲ್ಲಿ ಬ್ಯಾರೆಯವರದಾಗಿರ್ತದ."

ನಟನ ಅಂಗಿಯೊಳಗೆ ಅಂಟಿಸಿದ ಸಣ್ಣ ಮೈಕಿನಿಂದ ಸೊಂಟದ ಟ್ರಾನ್ಸ್‌ಮಿಟರಿಗೆ ತಂತಿ ಇದೆ. ಅಲ್ಲಿಂದ ನನ್ನ ಚೀಲದ ರಿಸೀವರಿನವರೆಗೆ ಇರುವುದು ರೇಡಿಯೋ ಅಲೆ ಮಾತ್ರ. ಸಿನಿಮಾದವರ ಮೈಕ್ ಸೆಟ್ಟುಗಳು ಹೆಚ್ಚಾಗಿ 470 ಮೆಗಾಹರ್ಟ್ಸ್‌ನಿಂದ ಮೇಲಕ್ಕೆ, ಟೀವಿಯ ಪಟ್ಟಿಯಲ್ಲಿ ಕೆಲಸ ಮಾಡುತ್ತವೆ. ಆ ಊರಿನಲ್ಲಿ ಯಾವ ಚಾನೆಲ್ಲು ಖಾಲಿಯೋ ಅಲ್ಲಿ ಮೈಕಿಗೆ ಎಡೆ, ಲೋಕಲ್ಲಿನಲ್ಲಿ ಮೂವರ ಸೀಟಿನ ತುದಿಗೆ ನಾಲ್ಕನೆಯವರು ಕೂತ ಹಾಗೆ. ಚಾನೆಲ್ಲಿನ ಅಗಲವೂ ಎಲ್ಲ ಕಡೆ ಒಂದೇ ಅಲ್ಲ. ನಮ್ಮಲ್ಲಿ, ಬ್ರಿಟನ್ನಿನಲ್ಲಿ 8 ಮೆಗಾಹರ್ಟ್ಸ್, ಅಮೆರಿಕದಲ್ಲಿ 6. ಒಂದು ದೇಶದ ಖಾಲಿ ಜಾಗದ ಪಟ್ಟಿ ಇನ್ನೊಂದಕ್ಕೆ ಹೊಂದುವುದೇ ಇಲ್ಲ.

ಅದರ ಮೇಲೆ ಮೊಬೈಲ್ ಕಂಪನಿಗಳು ಆ ಪಟ್ಟಿಯ ಮೇಲ್ಭಾಗವನ್ನು ಹರಾಜಿನಲ್ಲಿ ಕೊಳ್ಳುತ್ತಾ ಬಂದಿವೆ. ಅಮೆರಿಕದಲ್ಲಿ 2010ರ ಜೂನ್‌ನಲ್ಲಿ 700ರ ಪಟ್ಟಿ ಮೈಕುಗಳಿಗೆ ಮುಚ್ಚಿತು. 2020ರ ಜುಲೈಯಲ್ಲಿ 600ರ ಪಟ್ಟಿಯ ಬಹುಭಾಗವೂ ಹೋಯಿತು. ಆಸ್ಟ್ರೇಲಿಯಾದಲ್ಲಿ 2015ರ ಜನವರಿ 1ರಿಂದ 694ರಿಂದ 820ರವರೆಗೆ ನಿಷೇಧ. ನಮ್ಮಲ್ಲೂ 2022ರ ಹರಾಜಿನಲ್ಲಿ 700ರ ಪಟ್ಟಿಯನ್ನು ಜಿಯೋ ಕೊಂಡಿತು. 600ರ ಪಟ್ಟಿಯೂ ಹರಾಜಿಗೆ ಬಂದಿತ್ತು, ಆ ಸಲ ಯಾರೂ ಕೂಗಲಿಲ್ಲ.

"ಅಲ್ಲೋ, ಅಲ್ಲಿ ಯಾರು ಬಂದು ನಿನ್ನ ಚೀಲಾ ತಗದು ನೋಡ್ತಾರ?"

ಈ ಮಾತಿಗೆ ನಾನು ಸುಮ್ಮನಿರಲಾರೆ. ಬ್ರಿಟನ್ನಿನಲ್ಲಿ 606ರಿಂದ 614 ಮೆಗಾಹರ್ಟ್ಸ್, ಅವರ 38ನೇ ಚಾನೆಲ್ಲು, ಮೈಕಿನವರಿಗೆಂದೇ ಇಟ್ಟ ಜಾಗ. ಅಲ್ಲಿನ ರೇಡಿಯೋ ಅಲೆಗಳ ನಿಯಂತ್ರಕ ಸಂಸ್ಥೆ ಆಫ್‌ಕಾಮ್‌ಗೆ ಹಣ ಕಟ್ಟಿ ಲೈಸೆನ್ಸ್ ಪಡೆದರೆ ದೇಶದ ಯಾವ ಮೂಲೆಯಲ್ಲೂ ಹಚ್ಚಬಹುದು. ಅದೇ ಸೆಟ್ಟನ್ನು ಅಮೆರಿಕಕ್ಕೆ ಒಯ್ದರೆ? ಅಲ್ಲಿ 608ರಿಂದ 614 ಎಂದರೆ ಆಸ್ಪತ್ರೆಯಲ್ಲಿ ಮಲಗಿದ ರೋಗಿಯ ಎದೆಬಡಿತವನ್ನು ನರ್ಸ್ ಕೂತಲ್ಲಿಗೆ ತಲುಪಿಸುವ ರೇಡಿಯೋ, ಮತ್ತೆ ಆಕಾಶಕ್ಕೆ ಕಿವಿಗೊಟ್ಟ ಖಗೋಳ ವಿಜ್ಞಾನಿಗಳ ಜಾಗ. ಯಾರೂ ಚೀಲ ತೆಗೆದು ನೋಡದಿದ್ದರೂ ಅಲ್ಲಿ ನಾನು ಸ್ವಿಚ್ ಹಾಕುವುದು ಸರಿಯಲ್ಲ. ಇದನ್ನು ಹೇಳಿದ ಮೇಲೆ ಕಾಕಾ ಆ ಪ್ರಶ್ನೆ ಬಿಟ್ಟರು. ಡಿಪೋದಲ್ಲಿ ದುಡಿದವರಿಗೆ ಶಿಸ್ತಿನ ಕಾರಣ ಬಿಡಿಸಿ ಹೇಳಬೇಕಿಲ್ಲ.

ಲೈಸೆನ್ಸ್ ಬೇಡದ ಜಾಗಗಳೂ ಇವೆ. ನಮ್ಮಲ್ಲಿ 865ರಿಂದ 868, ಬ್ರಿಟನ್ನಿನಲ್ಲಿ ಮೈಕಿಗೆ 863ರಿಂದ 865. ಪಕ್ಕಪಕ್ಕದಲ್ಲಿವೆ, ಆದರೂ ಒಂದರದು ಇನ್ನೊಂದಕ್ಕೆ ನಡೆಯುವುದಿಲ್ಲ. ಜಪಾನಿನಲ್ಲಿ ಅದು 806ರಿಂದ 810.

ಕಾಕಾಗೆ ಲೆಕ್ಕವೆಂದರೆ ಪ್ರೀತಿ. ಹಾಗಾಗಿ ನಮ್ಮ ಕಸುಬಿನ ನಿಜವಾದ ತಲೆನೋವನ್ನು ಅವರ ಮುಂದಿಟ್ಟೆ. ನಾಯಕನ ಮೈಕು 520.0, ನಾಯಕಿಯದು 520.4 ಅಂದುಕೊಳ್ಳಿ. ಇಬ್ಬರೂ ದೂರ ನಿಂತಾಗ ತೊಂದರೆಯಿಲ್ಲ. ಅಪ್ಪಿಕೊಂಡರೆ ಒಂದರ ಸಿಗ್ನಲ್ಲು ಇನ್ನೊಂದರ ಟ್ರಾನ್ಸ್‌ಮಿಟರಿನೊಳಗೆ ನುಗ್ಗಿ, ಬೆರೆತು, ಯಾರೂ ಕಳಿಸದ ಎರಡು ಹೊಸ ಸಿಗ್ನಲ್ಲು ಹುಟ್ಟುತ್ತವೆ. ಒಂದನ್ನು ಇಮ್ಮಡಿಸಿ ಇನ್ನೊಂದನ್ನು ಕಳೆದರೆ ಅವು ಎಲ್ಲಿ ಬೀಳುತ್ತವೆಂದು ತಿಳಿಯುತ್ತದೆ.

ಕಾಕಾ ಗೋಡೆಯ ಧೂಳಿನ ಮೇಲೆ ಬೆರಳಾಡಿಸಿದರು. "ಐನೂರಾ ಹತ್ತೊಂಬತ್ತು ಪಾಯಿಂಟ್ ಆರು. ಆ ಕಡೆ ಐನೂರಾ ಇಪ್ಪತ್ತು ಪಾಯಿಂಟ್ ಎಂಟು."

"ಹೌದ್ರಿ. ಈಗ ಬಾಗಲದಾಗ ನಿಂತ ಅಪ್ಪನ ಮೈಕ್ ನಾ 520.8ಕ್ಕ ಇಟ್ಟಿದ್ರ?"

"ಅಪ್ಪನ ಮಾತು ಕೆಟ್ಟಂಗಾತು!"

ಸಮ ಅಂತರ ಕಾಗದದ ಮೇಲೆ ಚೆಂದ, ಚಿತ್ರೀಕರಣದಲ್ಲಿ ಅದೇ ಮುಳುವು. ಅಪ್ಪನನ್ನು 521.1ಕ್ಕೆ ಸರಿಸಿದರೆ ಮೂವರೂ ಪಾರು. ನಾಲ್ಕನೆಯ ಪಾತ್ರ ಬಂತೋ, ಮತ್ತೆ ಎಲ್ಲ ಲೆಕ್ಕ ಮೊದಲಿನಿಂದ. ಹತ್ತು ಮೈಕಾದರೆ ಕಂಪ್ಯೂಟರೇ ಗತಿ.

ಕೊಳ್ಳುವಾಗಲೂ ಲೆಕ್ಕವೇ. ಲೆಕ್ಟ್ರೋಸಾನಿಕ್ಸ್ ಎಂಬ ಅಮೆರಿಕದ ಕಂಪನಿ ತನ್ನ ಸೆಟ್ಟುಗಳನ್ನು ಬ್ಲಾಕ್ ಸಂಖ್ಯೆಯಿಂದ ಕರೆಯುತ್ತದೆ. ಸಂಖ್ಯೆಯನ್ನು 25.6ರಿಂದ ಗುಣಿಸಿದರೆ ಆ ಬ್ಲಾಕು ಶುರುವಾಗುವ ಜಾಗ. 21 ಎಂದರೆ 537.6. 24 ಎಂದರೆ 614.4, ಅಂದರೆ ಅಮೆರಿಕದಲ್ಲಿ ಈಗ ಬಹುಮಟ್ಟಿಗೆ ಮುಚ್ಚಿದ ಕಡೆಯದು. ಅಂಥ ಹಳೆಯ ಸೆಟ್ಟು ಅಗ್ಗಕ್ಕೆ ಸಿಕ್ಕರೆ, ಮಾರುವವನು ಯಾಕೆ ಮಾರುತ್ತಿದ್ದಾನೆಂದು ಮೊದಲು ಕೇಳಬೇಕು.

"ಇಷ್ಟೆಲ್ಲಾ ಬಡದಾಡೂದು ಯಾಕ? ಊರಿಗೆ ಬಂದು ಡಬ್ಬಿಂಗ್ ಮಾಡಿದ್ರ ಮುಗೀತಲ್ಲ? 'ಸಿಂಗಾಪೂರ್‌ನಲ್ಲಿ ರಾಜಾಕುಳ್ಳ' ನಾವು ನೋಡಿಲ್ಲೇನು?"

1978ರ ಆ ಚಿತ್ರದ ಕಾಲಕ್ಕೆ ಮಾತನ್ನು ಆಮೇಲೆ ಥಿಯೇಟರಿನಲ್ಲಿ ಸೇರಿಸುವುದೇ ರೂಢಿ. ಅದನ್ನು ಹೀಗಳೆಯುವುದಿಲ್ಲ. ಆದರೆ 'ತಿಥಿ'ಯನ್ನು ನೆನೆಯಿರಿ ಎಂದೆ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಜನರೇ ನಟಿಸಿದ್ದು, ಮಾತನ್ನು ಚಿತ್ರೀಕರಣದ ಜಾಗದಲ್ಲೇ ಹಿಡಿದದ್ದು, 2015ರಲ್ಲಿ ಲೊಕಾರ್ನೊದಲ್ಲಿ ಪ್ರಶಸ್ತಿ ಪಡೆದದ್ದು. ಅದರ ಸೌಂಡ್ ಮಾಡಿದ ನಿತಿನ್ ಲೂಕೋಸ್ ಇದೇ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತವರು. ಆ ಊರಿನ ಹಿರಿಯರನ್ನು ಕತ್ತಲ ಕೋಣೆಯಲ್ಲಿ ಪರದೆಯ ಮುಂದೆ ನಿಲ್ಲಿಸಿ ಅದೇ ಮಾತು ಮತ್ತೆ ಹೇಳಿ ಎಂದರೆ ಬರುತ್ತಿತ್ತೇ?

ನಾನೀಗ ಹೊರಟ ಲಂಡನ್ನಿನ ಚಿತ್ರದಲ್ಲಿಯೂ ಅಲ್ಲೇ ನೆಲೆಸಿದ ಕನ್ನಡದ ಅಜ್ಜಿಯೊಬ್ಬರ ಪಾತ್ರವಿದೆ, ಅಲ್ಲಿಯ ಕುಟುಂಬದವರಿಂದಲೇ ಮಾಡಿಸುವ ಯೋಚನೆ. ಹಳೆಯ ಹಾಸನದ ಕನ್ನಡ, ನಡುವೆ ಅಲ್ಲಿನ ಇಂಗ್ಲಿಷು. ಡಬ್ಬಿಂಗಿಗೆಂದು ಅವರನ್ನು ಬೆಂಗಳೂರಿಗೆ ಕರೆಸಲಾಗದು. ಬೇರೆಯವರ ಗಂಟಲು ಕೂರಿಸಿದರೆ ಆ ಪಾತ್ರವೇ ಉಳಿಯುವುದಿಲ್ಲ. ಅವರ ಮಾತು ಅಲ್ಲೇ, ಆಗಲೇ, ಸ್ವಚ್ಛವಾಗಿ ಸಿಗಬೇಕು. ನನ್ನ ಹಟವೆಲ್ಲ ಇದಕ್ಕೇ.

ವೀಸಾ, ಹೋಟೆಲ್ಲು, ಲೊಕೇಶನ್ನು ಎಲ್ಲ ನಿಶ್ಚಯವಾದ ಮೇಲೆ ಸೌಂಡಿನವನಿಗೆ ಫೋನು ಬರುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಅದು ತಿರುವುಮುರುವಾಗಬೇಕು. ಯಾಕೆಂದರೆ ಸಂಜೆ ಲಂಡನ್ನಿನ ವೆಸ್ಟ್ ಎಂಡಿನ ನಾಟಕಶಾಲೆಗಳಲ್ಲಿ ಸಾಲುಸಾಲು ಮೈಕುಗಳು ಏಳುತ್ತವೆ. ಆ ಬೀದಿಯ ರಾತ್ರಿಯ ದೃಶ್ಯಕ್ಕೆ ಖಾಲಿ ಚಾನೆಲ್ಲು ಯಾವುದೆಂದು ಬೆಳಿಗ್ಗೆ ಸ್ಕ್ಯಾನ್ ಮಾಡಿ ನೋಡಿದರೆ ಏನು ಬಂತು?

"ಅಷ್ಟಾದ ಮ್ಯಾಲೂ ಕೈ ಕೊಟ್ರ?" ಕಾಕಾ ಬಿಡಲಿಲ್ಲ.

"ತುದಿಗೆ ಮೈಕ್ ಕಟ್ಟಿದ ಬೂಮ್ ಕೋಲು ಐತ್ರಿ, ಅದಕ್ಕ ತಂತಿ ಐತಿ." 1934ರಲ್ಲಿ ಕೊಲ್ಹಾಪುರದಲ್ಲಿ ತಯಾರಾದ 'ಸತಿ ಸುಲೋಚನಾ' ಕನ್ನಡದ ಮಾತನ್ನು ಮೊದಲ ಸಲ ತೆರೆಗೆ ತಂದಾಗಲೂ ಮೈಕಿಗೆ ತಂತಿಯೇ. ಅಜ್ಜಿ ಕುಳಿತು ಮಾತಾಡುವ ದೃಶ್ಯಕ್ಕೆ ಬೂಮನ್ನೇ ಮೊದಲು ಹಿಡಿಯುತ್ತೇನೆ. ನಡೆದಾಡುವ ದೃಶ್ಯಗಳಿಗೆ ಮಾತ್ರ ಅಲ್ಲಿಯ ಬಾಡಿಗೆ ಸೆಟ್ಟು, 38ನೇ ಚಾನೆಲ್ಲಿನ ಲೈಸೆನ್ಸು. ನಾಳೆ ನಿರ್ಮಾಪಕರಿಗೆ ಬರೆಯುವ ಪತ್ರದಲ್ಲಿ ಇವೆರಡರ ಖರ್ಚು ತಿಳಿಸಿ, ಪ್ರತಿ ಲೊಕೇಶನ್ನಿನ ವಿಳಾಸ, ಚಿತ್ರೀಕರಣದ ಗಂಟೆ, ಒಂದೇ ಫ್ರೇಮಿನಲ್ಲಿ ಎಷ್ಟು ಜನ ಮಾತಾಡುತ್ತಾರೆಂಬ ಲೆಕ್ಕ ಕೇಳುತ್ತೇನೆ.