ಲ್ಯಾಪ್‌ಟಾಪಿನ ಹಣೆಗೊಂದು ಬಿಂದಿ

ನಾನು ಅಮೆರಿಕಕ್ಕೆ ಹೊರಟಾಗ ಅಲ್ಲಿರುವ ಅಕ್ಕ ಫೋನಿನಲ್ಲಿ ಹೇಳಿದ ಸಾಮಾನಿನ ಪಟ್ಟಿಯಲ್ಲಿ ಬಿಂದಿ ಪ್ಯಾಕೆಟ್ಟು ಇಪ್ಪತ್ತೈದು ಎಂದಿತ್ತು. ಅವಳು ಹಣೆಗೆ ಬಿಂದಿ ಇಡುವುದು ದೇವಸ್ಥಾನಕ್ಕೆ ಹೋಗುವ ದಿನ ಮಾತ್ರ. ಹೋಗಿ ನೋಡಿದ ಮೇಲೆ ಲೆಕ್ಕ ಸಿಕ್ಕಿತು. ಮನೆಯಲ್ಲಿರುವ ಲ್ಯಾಪ್‌ಟಾಪು, ಟ್ಯಾಬ್ಲೆಟ್ಟು, ಟೀವಿ, ಎಲ್ಲದರ ಕ್ಯಾಮೆರಾ ಕಣ್ಣಿಗೂ ಅವಳ ಮಗ ಪುಟ್ಟ ಒಂದೊಂದು ಬಿಂದಿ ಅಂಟಿಸಿದ್ದ. ಸರ್ಕಾರ ನೋಡಬಾರದಂತೆ.

"ನಿಮ್ಮನೆ ಉಪ್ಪಿಟ್ಟು ನೋಡಿ ಸರ್ಕಾರ ಏನು ಮಾಡತ್ತೋ?" ಅಂದೆ.

"ಏನಾದ್ರೂ ಮಾಡ್ಕೊಳ್ಲಿ ಮಾವ. ವಾರಂಟ್ ಎಲ್ಲಿ?"

ಪುಟ್ಟನಿಗೆ ಇಪ್ಪತ್ತು ವರ್ಷ. ಹಿಂದಿನ ಜೇಬಿನಲ್ಲಿ ಅಂಗೈಯಗಲದ ಸಂವಿಧಾನದ ಪುಸ್ತಕ, ತಲೆಗೆ ಎಳೆದುಕೊಳ್ಳಲು ಸಿದ್ಧವಾದ ಹುಡ್ಡಿನ ಅಂಗಿ, ಮಾತಿನ ಮೊದಲಿಗೊಂದು 'ಆಕ್ಚುಲಿ'. ಈ ಜಾತಿಯ ಹುಡುಗರು ಅಮೆರಿಕದ ಯಾವ ಊರಿಗೆ ಹೋದರೂ ಸಿಗುತ್ತಾರೆ. ನಮ್ಮ ಕಡೆ ಕೆಲವರು ಪಂಚಾಂಗ ನೋಡದೆ ಮನೆಯಿಂದ ಕಾಲು ತೆಗೆಯುವುದಿಲ್ಲವಲ್ಲ, ಇವರು ನಾಲ್ಕನೇ ತಿದ್ದುಪಡಿ ನೋಡದೆ ಬಾಗಿಲು ತೆಗೆಯುವುದಿಲ್ಲ. 1791ರಲ್ಲಿ ಸೇರಿದ ಆ ತಿದ್ದುಪಡಿ, ಸರಿಯಾದ ಕಾರಣವಿಲ್ಲದೆ ಪ್ರಜೆಯ ಮೈ, ಮನೆ, ಕಾಗದಪತ್ರ ಯಾವುದನ್ನೂ ಶೋಧಿಸಕೂಡದೆಂದು ಸರ್ಕಾರಕ್ಕೆ ಹಾಕಿದ ಲಗಾಮು. ಪಿಜ್ಜಾ ತರುವವನು ಬೆಲ್ ಮಾಡಿದರೂ ಪುಟ್ಟ ಮೊದಲು ಕಿಟಕಿಯಿಂದ ಇಣುಕುತ್ತಾನೆ.

ಅವರಿರುವುದು ಉತ್ತರ ವರ್ಜೀನಿಯಾದ ಆಶ್‌ಬರ್ನ್‌ನಲ್ಲಿ. ಸುತ್ತ ಎಲ್ಲಿ ನೋಡಿದರೂ ಕಿಟಕಿಯೇ ಇಲ್ಲದ ಗೋಡೌನಿನಂಥ ದೈತ್ಯ ಕಟ್ಟಡಗಳು, ಡೇಟಾ ಸೆಂಟರ್‌ಗಳು. ಆಕಾಶದಲ್ಲೆಲ್ಲೋ ತೇಲುತ್ತಿದೆಯೆಂದು ನಾನು ನಂಬಿದ್ದ 'ಕ್ಲೌಡ್' ಇಳಿದು ಕೂತಿರುವುದು ಇಲ್ಲಿ. ಪೊಟೊಮ್ಯಾಕ್ ನದಿ ದಾಟಿದರೆ ಮೇರಿಲ್ಯಾಂಡ್. ಅಲ್ಲಿನ ಫೋರ್ಟ್ ಮೀಡ್‌ನಲ್ಲಿ ಅಮೆರಿಕದ ಗೂಢಚಾರ ಸಂಸ್ಥೆ ಎನ್‌ಎಸ್‌ಎ. ಇಡೀ ದೇಶದ ಫೋನ್ ಕರೆಗಳ ಲೆಕ್ಕವನ್ನು ಈ ಸಂಸ್ಥೆ ಗುಡ್ಡೆ ಹಾಕಿಕೊಳ್ಳುತ್ತಿದೆಯೆಂದು 2013ರ ಜೂನ್‌ನಲ್ಲಿ ಅದರದೇ ಗುತ್ತಿಗೆ ನೌಕರ ಸ್ನೋಡೆನ್ ಬಯಲು ಮಾಡಿದಾಗ ಪುಟ್ಟನಿಗೆ ಎಂಟು ವರ್ಷ. ಉಳಿದ ಮಕ್ಕಳು ಕತ್ತಲೆಯಲ್ಲಿ ಗುಮ್ಮನಿಗೆ ಹೆದರುವ ವಯಸ್ಸಿನಲ್ಲಿ ಇವನಿಗೆ ಗುಮ್ಮನ ವಿಳಾಸವೇ ಸಿಕ್ಕಿತು.

ನಾನು ಡಲ್ಲೆಸ್ ವಿಮಾನ ನಿಲ್ದಾಣದಲ್ಲಿ ಇಳಿದು ಹೊರಬಂದಾಗ ಅವನು ಕೇಳಿದ ಮೊದಲ ಪ್ರಶ್ನೆ ಪ್ರಯಾಣ ಹೇಗಿತ್ತೆಂದಲ್ಲ.

"ಬೆರಳು ಕೊಟ್ಯಾ ಮಾವ?"

"ಕೊಟ್ಟೆ ಕಣೋ. ಮುಖಾನೂ ತೋರಿಸಿದೆ. ಆಧಾರ್‌ಗೆ ಹತ್ತು ಬೆರಳು, ಎರಡು ಕಣ್ಣು ಎಲ್ಲಾ ಕೊಟ್ಟಾಗಿದೆ. ಇವರಿಗೆ ಹೊಸದೇನು ಸಿಕ್ಕತ್ತೆ?"

ಶ್ರಾದ್ಧದ ಮನೆಗೆ ಬಂದವನಂತೆ ನನ್ನ ಭುಜ ಹಿಡಿದು ಕಾರಿನವರೆಗೂ ಮಾತಾಡದೆ ನಡೆಸಿಕೊಂಡು ಹೋದ.

ಅವನ ಕನ್ನಡದಲ್ಲಿ ಬಹುವಚನವಿಲ್ಲ. ಅಮ್ಮ ತನ್ನನ್ನು ಕರೆದ ಹಾಗೆ ಎಲ್ಲರನ್ನೂ ಕರೆಯುತ್ತಾನೆ. ಅಜ್ಜನಿಗೂ ನೀನು, ಪುರೋಹಿತರಿಗೂ ನೀನು, ನನಗೂ ಬಾ ಹೋಗು. ಅಕ್ಕನಿಗೆ ಇದು ದೊಡ್ಡ ಮುಜುಗರ. ನನಗೇನೋ ಅವನ ರಾಜಕೀಯಕ್ಕೆ ಈ ವ್ಯಾಕರಣವೇ ಸರಿ ಅನ್ನಿಸಿತು. ನಾವಾದರೆ ಅಧ್ಯಕ್ಷರು ಬಂದರು, ಮಂತ್ರಿಗಳು ದಯಮಾಡಿಸಿದರು ಎಂದು ಬೆನ್ನು ಬಗ್ಗಿಸಿಕೊಂಡೇ ವಾಕ್ಯ ಶುರುಮಾಡುತ್ತೇವೆ. ಅವನದು "ಬುಷ್ ಕದ್ದು ಕೇಳ್ದ, ಒಬಾಮಾ ಡ್ರೋನ್ ಬಿಟ್ಟ, ಬೈಡನ್ ಸಾಲ ಮನ್ನಾ ಮಾಡಕ್ಕೆ ಹೋಗಿ ಕೋರ್ಟಲ್ಲಿ ಬಿದ್ದ, ಟ್ರಂಪ್ ಕಾಂಗ್ರೆಸ್ಸನ್ನ ಕೇಳ್ದೇನೆ ಸುಂಕ ಹಾಕ್ದ." ಒಂದೇ ಉಸಿರು, ಒಂದೇ ವಚನ.

ಇದರಿಂದಾಗಿ ಅವನಿಗೆ ಯಾವ ಪಂಕ್ತಿಯಲ್ಲೂ ಎಲೆ ಹಾಕುವವರಿಲ್ಲ. ಹಬ್ಬದೂಟಕ್ಕೆ ಸೇರಿದ ಕನ್ನಡದ ಅಂಕಲ್‌ಗಳಲ್ಲಿ ರಿಪಬ್ಲಿಕನ್ನರು ಅವನ ಅರ್ಧ ಮಾತಿಗೆ ತಲೆದೂಗುತ್ತಾರೆ, ಡೆಮಾಕ್ರಾಟರು ಉಳಿದರ್ಧಕ್ಕೆ. ಊಟ ಮುಗಿಯುವಷ್ಟರಲ್ಲಿ ಎರಡೂ ಗುಂಪು ಪಾಯಸದ ಕಡೆ ಮುಖ ತಿರುಗಿಸಿರುತ್ತವೆ. 2011ರಲ್ಲಿ ಯೆಮೆನ್‌ನಲ್ಲಿ ಅಮೆರಿಕದ ಪ್ರಜೆಯೊಬ್ಬನನ್ನು ವಿಚಾರಣೆಯಿಲ್ಲದೆ ಡ್ರೋನ್ ಹೊಡೆದು ಕೊಂದದ್ದನ್ನು ಅವನು ಹೋಳಿಗೆ ಬಡಿಸುವ ಹೊತ್ತಿಗೇ ಏಕೆ ಎತ್ತಬೇಕೋ ನನಗೆ ತಿಳಿಯದು.

ಅವನಿಗಿರುವ ಸ್ನೇಹಿತರು ಇಬ್ಬರು. ಟೆನೆಸೀ ಕಡೆಯ ಗಡ್ಡದ ಹುಡುಗನಿಗೆ ತೆರಿಗೆ ಎಂದರೆ ಹಗಲುದರೋಡೆ. ಬಾಲ್ಟಿಮೋರಿನ ಮೂಗುತಿಯ ಹುಡುಗಿಗೆ ಪೊಲೀಸರೆಂದರೆ ಮೈಯುರಿ. ಮಿಕ್ಕ ಯಾವ ವಿಷಯ ಬಂದರೂ ಇಬ್ಬರೂ ಕಿತ್ತಾಡುತ್ತಾರೆ. ಆದರೆ ಅಪರಾಧ ಸಾಬೀತಾಗದೆಯೇ, ಬರೀ ಅನುಮಾನದ ಮೇಲೆ ದಾರಿಹೋಕನ ದುಡ್ಡನ್ನು ಪೊಲೀಸರು ಜಪ್ತಿ ಮಾಡಿಕೊಳ್ಳಲು ಬಿಡುವ ಕಾನೂನಿನ ಮಾತು ಬಂತೆನ್ನಿ, ಗಡ್ಡ ಮೂಗುತಿ ಎರಡೂ ಒಂದಾಗುತ್ತವೆ. ಬೇಸ್‌ಮೆಂಟಿನಲ್ಲಿ ರಾತ್ರಿ ಒಂದರವರೆಗೆ ಸಭೆ. ಅಕ್ಕ ಚಕ್ಕುಲಿ ಇಳಿಸುತ್ತಾಳೆ. ಕುಡಿಯಲು ನಿಂಬೆಹಣ್ಣಿನ ಪಾನಕ. ಹದಿನೆಂಟಕ್ಕೆ ವೋಟು, ಹದಿನೆಂಟಕ್ಕೇ ಗಂಡುಹುಡುಗರು ಸೈನ್ಯದ ಪಟ್ಟಿಗೆ ಹೆಸರು ಬರೆಸಬೇಕು, ಬಿಯರ್ ಮಾತ್ರ ಇಪ್ಪತ್ತೊಂದಕ್ಕೆ. ವಯಸ್ಸು ಏರಿಸದ ರಾಜ್ಯಗಳಿಗೆ ಹೆದ್ದಾರಿ ಅನುದಾನ ಕತ್ತರಿಸುತ್ತೇವೆಂದು 1984ರಲ್ಲಿ ಕೇಂದ್ರ ಸರ್ಕಾರ ಗದರಿಸಿ ಮಾಡಿಸಿದ ಕೆಲಸವಿದು. ಮೂವರೂ ಆ ಇಸವಿ ಹೇಳುವಾಗ ಪಾನಕದ ಲೋಟವನ್ನು ಮೇಜಿಗೆ ಕುಟ್ಟುತ್ತಾರೆ.

ಅವನು ಓದುವುದು ಫೇರ್‌ಫ್ಯಾಕ್ಸ್‌ನ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಲ್ಲಿ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸಂವಿಧಾನ ಬರೆದು ಮುಗಿಸಿದ ದಿನ ಕೂತಲ್ಲೇ ಕೂತು ಸಹಿ ಹಾಕೆನೆಂದ ಮೂವರಲ್ಲಿ ಈ ಮೇಸನ್ ಒಬ್ಬ. ಪ್ರಜೆಗಳ ಹಕ್ಕುಪಟ್ಟಿ ಎಲ್ಲಿ ಎಂಬುದು ಅವನ ತಕರಾರು. "ಸಹಿ ಹಾಕದೇ ಹೆಸರು ಮಾಡ್ದ ನೋಡು ಮಾವ" ಎಂದು ಪುಟ್ಟ ಹಿಗ್ಗುತ್ತಾನೆ. ಮರುಕ್ಷಣವೇ, "ಆಕ್ಚುಲಿ, ಅವನ ಮನೇಲೂ ಗುಲಾಮರು ಇದ್ರು" ಎಂದು ತಾನೇ ಗಾಳಿ ತೆಗೆಯುತ್ತಾನೆ. ಇಷ್ಟದೇವರನ್ನೂ ಬಿಡದವನು.

ಇನ್ನು ಭಾವ. ಮನೆಯ ಅನ್ನ ಬರುವುದು ಅವರಿಂದ, ಅವರಿಗೆ ಬರುವುದು ಕೇಂದ್ರ ಸರ್ಕಾರದ ಗುತ್ತಿಗೆಯಿಂದ. ಯಾವುದೋ ಇಲಾಖೆಗೆ ಸಾಫ್ಟ್‌ವೇರ್ ಮಾಡಿಕೊಡುವ ಕಂಪನಿಯಲ್ಲಿ ಇಪ್ಪತ್ತು ವರ್ಷದಿಂದ ಇದ್ದಾರೆ. "ನೀನು ಬೈಯೋ ಸರ್ಕಾರನೇ ನಿನ್ನ ಫೀಸು ಕಟ್ಟೋದು" ಎಂದು ಅವರು, "ಅದಕ್ಕೇ ಬೈಯೋದು, ಜನರ ದುಡ್ಡು" ಎಂದು ಇವನು. 2025ರ ಅಕ್ಟೋಬರ್ 1, ಬುಧವಾರ, ಆಯುಧಪೂಜೆ. ಭಾವ ಮಡಿಯುಟ್ಟು ಕಾರಿಗೆ ನಿಂಬೆಹಣ್ಣಿಟ್ಟು, ಆಫೀಸಿನ ಲ್ಯಾಪ್‌ಟಾಪಿಗೆ ಅರಿಶಿನ ಕುಂಕುಮ ಹಚ್ಚಿದರು. ಪುಟ್ಟನ ಬಿಂದಿ ಮೊದಲೇ ಇತ್ತಾದ್ದರಿಂದ ಅದೀಗ ಲಕ್ಷಣವಾದ ಮುತ್ತೈದೆಯಾಯಿತು. ಮಂಗಳಾರತಿ ಎತ್ತುವಾಗ ಫೋನು ಟಿಣ್ ಅಂತು. ಬಜೆಟ್ಟಿಗೆ ಒಪ್ಪಿಗೆ ಸಿಗದೆ ಹಿಂದಿನ ಮಧ್ಯರಾತ್ರಿಯಿಂದ ಅಮೆರಿಕ ಸರ್ಕಾರ ಬಂದ್. ಕೆಲಸ ನಿಲ್ಲಿಸಿ.

ಹುಡುಗ ವರ್ಷಗಟ್ಟಲೆ ಶಾಪ ಹಾಕಿದ್ದು ಫಲಿಸಿಬಿಟ್ಟಿತ್ತು. ಆದರೂ ಅವನ ಮುಖದಲ್ಲಿ ಗೆಲುವಿರಲಿಲ್ಲ. ಅಪ್ಪನ ಕಡೆ ನೋಡಿದ, ದೀಪದ ಕಡೆ ನೋಡಿದ, ಸದ್ದಿಲ್ಲದೆ ಹೋಗಿ ಗಂಟೆ ಬಾರಿಸಿದ.

ಖಾಯಂ ನೌಕರರಿಗೆ ತಡವಾಗಿಯಾದರೂ ಸಂಬಳ ಬರುವಂತೆ 2019ರಲ್ಲಿ ಕಾನೂನಾಗಿದೆ. ಗುತ್ತಿಗೆಯವರಿಗೆ ಆ ಭಾಗ್ಯವಿಲ್ಲ. ನಿಲ್ಲದೆ ಸಂಬಳ ಪಡೆದ ಗುಂಪೊಂದಿತ್ತು, ಸರ್ಕಾರವನ್ನು ನಿಲ್ಲಿಸಿದ ಕಾಂಗ್ರೆಸ್ಸಿನವರು, ವರ್ಷಕ್ಕೆ 1,74,000 ಡಾಲರ್. ಈ ಮಾತು ಬಂದಾಗ ಪುಟ್ಟ ತನ್ನ ಪರಮಗುರುವಿನ ಕಥೆ ಹೇಳಿದ. ಗ್ರೆಗರಿ ವಾಟ್ಸನ್ ಎಂಬ ಟೆಕ್ಸಸ್‌ನ ವಿದ್ಯಾರ್ಥಿ. ಸಂಸದರು ಏರಿಸಿಕೊಂಡ ಸಂಬಳ ಮುಂದಿನ ಚುನಾವಣೆಯ ನಂತರವೇ ಜಾರಿಯಾಗಬೇಕೆಂದು 1789ರಲ್ಲಿ ಆಗಿನ ಸಂಸದ ಮ್ಯಾಡಿಸನ್ ಸೂಚಿಸಿ, ಸಾಕಷ್ಟು ರಾಜ್ಯಗಳು ಒಪ್ಪದೆ ಮೂಲೆ ಸೇರಿದ್ದ ತಿದ್ದುಪಡಿಯೊಂದು ಇನ್ನೂ ಜೀವಂತವಾಗಿದೆಯೆಂದು 1982ರಲ್ಲಿ ಪ್ರಬಂಧ ಬರೆದ. ಸಿಕ್ಕಿದ್ದು 'ಸಿ' ಗ್ರೇಡು. ಸಿಟ್ಟಿಗೆ ರಾಜ್ಯ ರಾಜ್ಯದ ಶಾಸಕರಿಗೂ ಕಾಗದ ಬರೆಯುತ್ತಾ ಹೋದ. 1992ರಲ್ಲಿ ಅದು ಇಪ್ಪತ್ತೇಳನೆಯ ತಿದ್ದುಪಡಿಯಾಗಿ ಸಂವಿಧಾನ ಸೇರಿತು. ಗ್ರೇಡು 'ಎ' ಆದದ್ದು 2017ರಲ್ಲಿ. "ಸಂವಿಧಾನ ತಿದ್ದೋಕೆ ಹತ್ತು ವರ್ಷ, ಮಾರ್ಕ್ಸ್ ಕಾರ್ಡು ತಿದ್ದೋಕೆ ಮೂವತ್ತೈದು" ಅಂದೆ. ನಮ್ಮೂರಿನ ವಿಶ್ವವಿದ್ಯಾಲಯಗಳ ಬಗ್ಗೆ ನನಗಿದ್ದ ಕೀಳರಿಮೆ ಆವತ್ತು ಸ್ವಲ್ಪ ಇಳಿಯಿತು.

ಮರುವಾರ ನನ್ನನ್ನು ವಾಷಿಂಗ್ಟನ್ನಿಗೆ ಕರೆದೊಯ್ದ, ನ್ಯಾಷನಲ್ ಆರ್ಕೈವ್ಸ್‌ನಲ್ಲಿಟ್ಟಿರುವ ಮೂಲ ಸಂವಿಧಾನದ ದರ್ಶನಕ್ಕೆ. ದೇವಸ್ಥಾನದಂಥ ಕಂಬಗಳು, ದೇವಸ್ಥಾನದಂಥ ಮೆಟ್ಟಿಲು, ಬಾಗಿಲು ಹಾಕಿತ್ತು.

"ಮುಚ್ಚಿರತ್ತೆ ಅಂತ ಗೊತ್ತಿರಲಿಲ್ವೇನೋ?"

"ಗೊತ್ತಿತ್ತು. ಇದನ್ನ ತೋರ್ಸಕ್ಕೇ ಕರ್ಕೊಂಡ್ ಬಂದೆ. ಕಾಂಗ್ರೆಸ್ ಒಪ್ಪದೆ ಖಜಾನೆಯಿಂದ ದುಡ್ಡು ತೆಗೀಬಾರ್ದು ಅಂತ ಸಂವಿಧಾನದಲ್ಲಿ ಬರ್ದಿದೆ. ಅದಕ್ಕೇ ಸಂವಿಧಾನ ಒಳಗೆ ಲಾಕ್ ಆಗಿದೆ."

ಗ್ರಹಣದಲ್ಲಿ ಮುಚ್ಚಿದ ಗುಡಿಯ ಮುಂದೆ ನಿಂತಂತೆ ಇಬ್ಬರೂ ಐದು ನಿಮಿಷ ನಿಂತೆವು. 1980ರವರೆಗೂ ಬಜೆಟ್ ತಡವಾದರೆ ಕಚೇರಿಗಳು ಹೇಗೋ ಕುಂಟುತ್ತಾ ನಡೆದೇ ಇದ್ದುವಂತೆ. ಹಾಗೆ ನಡೆಸುವುದು 1884ರ ಕಾಯ್ದೆಗೆ ವಿರುದ್ಧವೆಂದು 1980ರಲ್ಲಿ ಅಟಾರ್ನಿ ಜನರಲ್ ಸಿವಿಲೆಟ್ಟಿ ಅಭಿಪ್ರಾಯ ಬರೆದ ಮೇಲೆ ಈ ಬಾಗಿಲು ಹಾಕುವ ಸಂಪ್ರದಾಯ. ವಾಪಸು ಬರುವಾಗ ನಿಲ್ಲಿಸಿದ್ದ ಕಾರೊಂದರ ನಂಬರ್ ಪ್ಲೇಟಿನ ಕಡೆ ಬೆರಳು ತೋರಿಸಿದ. ಪ್ರಾತಿನಿಧ್ಯವಿಲ್ಲದ ತೆರಿಗೆ ಕೊನೆಯಾಗಲಿ ಎಂದು ನಂಬರಿನ ಕೆಳಗೆ ಬರೆದಿತ್ತು. ರಾಜಧಾನಿಯ ಏಳು ಲಕ್ಷ ಜನರಿಗೆ ಕಾಂಗ್ರೆಸ್ಸಿನಲ್ಲಿ ಮತ ಹಾಕುವ ಪ್ರತಿನಿಧಿಯೇ ಇಲ್ಲ. ಸರ್ಕಾರವೇ ಕೊಡುವ ಪ್ಲೇಟಿನ ಮೇಲೆ ಸರ್ಕಾರಕ್ಕೇ ಬೈಗುಳ! ನಮ್ಮಲ್ಲಿ ಆಟೋ ಹಿಂದೆ ಬರೆಯಬೇಕಾದರೆ ಸ್ವಂತ ಖರ್ಚು.

ಅತ್ತ ವಾಷಿಂಗ್ಟನ್ನಿನಲ್ಲಿ ನಿಂತ ಸರ್ಕಾರ ಇತ್ತ ಆಶ್‌ಬರ್ನ್‌ನಲ್ಲಿ ಶುರುವಾಗಿತ್ತು. ಹಗಲೆಲ್ಲ ಮನೆಯಲ್ಲಿರುವ ಅಭ್ಯಾಸವಿಲ್ಲದ ಭಾವ ಮೂರನೇ ದಿನಕ್ಕೆ ಆಡಳಿತ ಸುಧಾರಣೆಗೆ ಕೈಹಾಕಿದರು. ಫ್ರಿಜ್ಜಿನ ಮೇಲೆ ಮೊದಲ ಆದೇಶ ಬಿತ್ತು: ಹೀಟರು 68 ಡಿಗ್ರಿ ದಾಟಕೂಡದು. ಎರಡನೆಯದು, ಡಿಶ್‌ವಾಷರಿನಲ್ಲಿ ತಟ್ಟೆಗಳು ಪೂರ್ವಕ್ಕೆ ಮುಖ ಮಾಡಿರಬೇಕು. ಆಮೇಲೆ ಸ್ನಾನದ ಅವಧಿ, ಗ್ಯಾರೇಜಿನ ಚಪ್ಪಲಿಗಳ ಸಾಲು, ಬೇಸ್‌ಮೆಂಟ್ ಸಭೆಗೆ ಹತ್ತು ಗಂಟೆಯ ಗಡುವು. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಹನ್ನೆರಡು ವರ್ಷದಲ್ಲಿ 3,700ಕ್ಕೂ ಹೆಚ್ಚು ಕಾರ್ಯಾದೇಶ ಹೊರಡಿಸಿದ್ದನ್ನು ಪುಟ್ಟ ಆಗಾಗ ಹಳಿಯುತ್ತಿದ್ದ. ಭಾವ ಎರಡು ವಾರಕ್ಕೆ ಹತ್ತೊಂಬತ್ತು ಮುಟ್ಟಿದರು. ಹುಡುಗ ಸಂವಿಧಾನ ಹಿಡಿದು ಅಕ್ಕನ ಬಳಿ ಮೇಲ್ಮನವಿಗೆ ಹೋದ. ಅವಳು ಸೊಪ್ಪು ಬಿಡಿಸುತ್ತಾ ಇಬ್ಬರ ವಾದವನ್ನೂ ಕೇಳಿ, ಕಸದ ಡಬ್ಬಿಯನ್ನು ರಸ್ತೆಯಂಚಿಗೆ ಇಡುವಂತೆ ಇಬ್ಬರಿಗೂ ಆಜ್ಞೆ ಮಾಡಿದಳು.

ನನ್ನ ಪಂಚೆಯ ಪ್ರಕರಣವನ್ನೂ ಹೇಳಿಬಿಡಬೇಕು. ಡ್ರೈಯರಿನಲ್ಲಿ ಹಾಕಿದರೆ ಜರಿ ಹಾಳೆಂದು ಹಿಂದಿನ ಕಟ್ಟೆಯ ಕಂಬಿಗೆ ಒಣಹಾಕಿದ್ದೆ. ಎರಡೇ ದಿನಕ್ಕೆ ಬಡಾವಣೆಯ ಮನೆಮಾಲೀಕರ ಸಂಘದಿಂದ ಫೋಟೋ ಸಮೇತ ಪತ್ರ: ಬಟ್ಟೆ ತೆಗೆಯಿರಿ, ಇಲ್ಲವೇ ದಂಡ. "ಇದು ನಾಲ್ಕನೇ ತಿದ್ದುಪಡಿಗೆ ಬರಲ್ವೇನೋ? ನನ್ನ ಪಂಚೆ ಫೋಟೋ ತೆಗೆಯಕ್ಕೆ ವಾರಂಟ್ ಎಲ್ಲಿ?" ಎಂದು ಅವನನ್ನು ಹುರಿದುಂಬಿಸಿದೆ. ಪುಟ್ಟ ಪುಸ್ತಕ ತೆರೆಯಲೇ ಇಲ್ಲ. ಸಂವಿಧಾನ ಕಟ್ಟಿಹಾಕುವುದು ಸರ್ಕಾರವನ್ನು ಮಾತ್ರ. ಸಂಘದ ನಿಯಮಗಳಿಗಾದರೋ, ಮನೆ ಕೊಳ್ಳುವಾಗ ಭಾವನೇ ಸಹಿ ಹಾಕಿಕೊಟ್ಟಿದ್ದಾರೆ. ಕೆಲವು ರಾಜ್ಯಗಳಲ್ಲಿ ಬಟ್ಟೆ ಒಣಹಾಕುವ ಹಕ್ಕಿಗೆಂದೇ ಕಾನೂನು ಮಾಡಿದ್ದಾರೆಂದು ಗೊಣಗುತ್ತಾ, ಶ್ವೇತಭವನಕ್ಕೆ ಬಗ್ಗದ ವೀರ ಪಂಚೆಯನ್ನು ಮಡಿಸಿ ಒಳಗೆ ತಂದ.

ಅವನ ಕೈಗಡಿಯಾರ ನಾಡಿ ಎಣಿಸಿ ಯಾವುದೋ ಕಂಪನಿಗೆ ಕಳಿಸುತ್ತದೆ. ಫೋನು ಅವನು ನಿಂತ ಜಾಗವನ್ನು ಹದಿನಾಲ್ಕು ಜನರಿಗೆ ಸಾರುತ್ತದೆ. ಕೇಳಿದರೆ "ಅದು ಬೇರೆ ಮಾವ, ನಾನೇ ಒಪ್ಪಿದ್ದು." ಅದೇ ಮಾಹಿತಿಯನ್ನು ದಲ್ಲಾಳಿಗಳಿಂದ ಸರ್ಕಾರಿ ಇಲಾಖೆಗಳು ದುಡ್ಡು ಕೊಟ್ಟು ಕೊಂಡದ್ದುಂಟೆಂದು ಅವನೇ ಹೇಳಿದ್ದನ್ನು ನೆನಪಿಸಿದೆ. ಸ್ವಲ್ಪ ಹೊತ್ತು ಗಡಿಯಾರ ಬಿಚ್ಚಿಟ್ಟಿದ್ದ. ಸಂಜೆ ವಾಕಿಂಗಿಗೆ ಹೋಗುವಾಗ ಮತ್ತೆ ಕಟ್ಟಿಕೊಂಡ. ಹೆಜ್ಜೆ ಲೆಕ್ಕ ತಪ್ಪುತ್ತದಲ್ಲ.

ನವೆಂಬರ್ 5ಕ್ಕೆ ಬಂದ್ 36ನೇ ದಿನಕ್ಕೆ ಕಾಲಿಟ್ಟು ಹಳೆಯ ದಾಖಲೆ ಮುರಿಯಿತು. ಅದೇ ದಿನ ಸುಪ್ರೀಂ ಕೋರ್ಟಿನಲ್ಲಿ ಟ್ರಂಪ್ ಸುಂಕದ ವಾದ. ತೆರಿಗೆ ಹಾಕುವ ಅಧಿಕಾರ ಕಾಂಗ್ರೆಸ್ಸಿನದು, 1977ರ ತುರ್ತು ಕಾಯ್ದೆ ಹಿಡಿದುಕೊಂಡು ಅಧ್ಯಕ್ಷ ಅದನ್ನು ಕಿತ್ತುಕೊಳ್ಳಬಹುದೇ ಎಂದು ಪುಟ್ಟ ಅಡುಗೆಮನೆಯಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನೇರ ಪ್ರಸಾರ ಕೇಳುತ್ತಿದ್ದ. ಅಕ್ಕ ಸುಂಕದಿಂದ ತುಟ್ಟಿಯಾಗಿದ್ದ ಇಂಗಿನ ಡಬ್ಬಿ ಅಲ್ಲಾಡಿಸಿ, "ಯಾರು ಹಾಕಿದ್ರೋ ಅವರ ಮನೆ ಸಾರಿಗೆ ಇಂಗಿಲ್ಲದೆ ಹೋಗಲಿ" ಎಂದು ಸಂವಿಧಾನದಲ್ಲಿಲ್ಲದ ಶಿಕ್ಷೆ ವಿಧಿಸಿದಳು.

12ರ ರಾತ್ರಿ, 43 ದಿನವಾದ ಮೇಲೆ, ಸರ್ಕಾರ ತೆರೆಯಿತು. ಮಾರನೇ ಬೆಳಿಗ್ಗೆ ಐದೂವರೆಗೆ ಎದ್ದು ನೋಡುತ್ತೇನೆ, ಪುಟ್ಟ ಅಪ್ಪನ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಾನೆ.

"ಏನೋ, ಸರ್ಕಾರದ ಪರ ಆಗ್ಬಿಟ್ಯಾ?"

"ಶ್! ಅಪ್ಪ ಆಫೀಸಿಗೆ ಹೋಗ್ಲಿ ಮೊದ್ಲು. ಆಮೇಲೆ ಮಾತಾಡೋಣ."

ಆ ವಾರದ ಕೊನೆಗೆ ನಾನು ಹೊರಟೆ. ಭದ್ರತಾ ತಪಾಸಣೆಯಲ್ಲಿ ಮುಖದ ಫೋಟೋ ಬೇಡವೆನ್ನುವ ಹಕ್ಕು ಪ್ರಯಾಣಿಕನಿಗಿದೆ, ಅಲ್ಲೇ ಬೋರ್ಡು ಹಾಕಿರುತ್ತಾರೆ. ಹೇಳಬೇಕಾದ ಇಂಗ್ಲಿಷ್ ವಾಕ್ಯವನ್ನು ಪುಟ್ಟ ಕಾರಿನಲ್ಲಿ ಆರು ಸಲ ಹೇಳಿಸಿದ. ಸಾಲಿನಲ್ಲಿ ಮಂತ್ರದಂತೆ ಮಣಮಣಿಸಿಕೊಂಡು ಮುಂದೆ ಹೋದೆ. ಮೇಜಿನ ಹಿಂದೆ ನನ್ನ ಅಕ್ಕನ ವಯಸ್ಸಿನ ಹೆಂಗಸು, ಆರು ವಾರ ಸಂಬಳವಿಲ್ಲದೆ ದುಡಿದು ಸೋತ ಕಣ್ಣು. ಪಾಸ್‌ಪೋರ್ಟು ತೆಗೆದುಕೊಂಡು ಕ್ಯಾಮೆರಾ ಕಡೆ ಗದ್ದ ಎತ್ತಿದರು. ನನ್ನ ಕತ್ತು ತಾನಾಗಿಯೇ ನೆಟ್ಟಗಾಯಿತು, ಕೈ ಕೂದಲು ಸರಿಮಾಡಿತು, ರೇಷನ್ ಕಾರ್ಡಿನ ಫೋಟೋಗೆ ನಿಂತ ಹಾಗೆ ಉಸಿರು ಹಿಡಿದು ನಿಂತೆ. ಮುಗಿಯಿತು ಅಂದರು. ಥ್ಯಾಂಕ್ಸ್ ಬೇರೆ ಹೇಳಿದೆ.

ತಿರುಗಿ ನೋಡಿದೆ. ಹಗ್ಗದಾಚೆ ಅಕ್ಕ ಕೈ ಬೀಸುತ್ತಿದ್ದಳು. ಪಕ್ಕದಲ್ಲಿ ಪುಟ್ಟ ಹಣೆ ಚಚ್ಚಿಕೊಂಡು ಹುಡ್ಡು ಎಳೆದುಕೊಂಡ, ಹಣೆ ಮುಚ್ಚಿ ಮೂಗಿನವರೆಗೆ. ಅವನ ನೆತ್ತಿಯ ಮೇಲೆ ಚಾವಣಿಯಲ್ಲಿ ಕಪ್ಪು ಗಾಜಿನ ಗುಂಡೊಂದು ಜೋತಾಡುತ್ತಿತ್ತು, ಬಿಂದಿ ಅಂಟಿಸಲು ಕೈಗೆಟುಕದಷ್ಟು ಎತ್ತರದಲ್ಲಿ.