ಮಾವನ ಗೋಲು

ಟೆಕ್ಸಸ್ಸಿನ ಸೌತ್‌ಲೇಕಿನಲ್ಲಿ ಗುರಿಯಿಲ್ಲದೆ ಬದುಕುವುದಕ್ಕೆ ಪುರಸಭೆಯ ಅನುಮತಿ ಬೇಕೇನೋ ಎಂಬ ಅನುಮಾನ ನನಗೆ ಬಂದಿಳಿದ ದಿನವೇ ಹುಟ್ಟಿತು. ವಿಮಾನ ನಿಲ್ದಾಣದಿಂದ ಮಗನ ಮನೆ ಬಹಳ ಹತ್ತಿರ. ಸ್ನಾನ ಮುಗಿಸಿ ಒಂದು ಲೋಟ ಮಜ್ಜಿಗೆ ಕುಡಿಯೋಣವೆಂದು ಫ್ರಿಜ್ಜಿನ ಹತ್ತಿರ ಹೋದರೆ ಬಾಗಿಲ ತುಂಬ ಒಂದು ಹಾಳೆ ಅಂಟಿಸಿದ್ದರು. ಬ್ಯಾಂಕಿನ ಲೆಡ್ಜರಿನ ಹಾಗೆ ಐದು ಕಾಲಮ್ಮು. ಮಗನ ಹೆಸರಿನ ಕೆಳಗೆ ದಿನಕ್ಕೆ 16 ಗಂಟೆ ಉಪವಾಸ. ಸೊಸೆಯ ಕೆಳಗೆ ಡಿಸೆಂಬರಿನ ಡಲ್ಲಾಸ್ ಮ್ಯಾರಥಾನ್. ಮೊಮ್ಮಗನ ಕೆಳಗೆ ಸ್ಪೆಲಿಂಗ್ ಬೀ. ಕೊನೆಯ ಎರಡರಲ್ಲಿ ‘ಅಜ್ಜಿ’, ‘ತಾತ’ ಎಂದು ಬರೆದು ಕೆಳಗೆ ಖಾಲಿ ಬಿಟ್ಟಿದ್ದರು.

“ತಾತ, ನಿಮ್ಮ ಗೋಲ್ ಏನು?” ಎಂದ ಮೊಮ್ಮಗ, ಕೈಯಲ್ಲಿ ಸ್ಕೆಚ್ ಪೆನ್ ಹಿಡಿದು.

ನಾನು ಕಡೂರು ಸೀಮೆಯ ತೆಂಗು ಬೆಳೆಗಾರರ ದುಡ್ಡನ್ನು ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಕೂತು ಎಣಿಸಿ ನಿವೃತ್ತನಾದವನು. ಸಾಯಂಕಾಲ ಲೆಕ್ಕ ತಾಳೆಯಾದರೆ ಅವತ್ತಿನ ಗುರಿ ಮುಗಿಯಿತು. ಮರುದಿನಕ್ಕೆ ಬೇರೆ ದುಡ್ಡು. “ಆರು ತಿಂಗಳು ಇದ್ದು, ಊಟ ಮಾಡಿ, ನಿದ್ದೆ ಮಾಡಿ, ವೀಸಾ ನಿಯಮ ಮುರಿಯದೆ ವಾಪಸ್ ಹೋಗೋದು” ಎಂದೆ. ಅದು ಗುರಿಯಲ್ಲವಂತೆ, ಅಳೆಯುವುದಕ್ಕೆ ಬರುವುದಿಲ್ಲವಂತೆ. ನನ್ನ ಹೆಂಡತಿ ಮಾತ್ರ “ನಂದು ದೇವರಿಗೆ ಗೊತ್ತು, ಕಾಗದಕ್ಕೆ ಯಾಕಪ್ಪಾ” ಎಂದು ಜಾಣತನದಿಂದ ಪಾರಾದಳು. ದೇವರ ವಿಷಯ ಬಂದರೆ ಅಮೆರಿಕದಲ್ಲೂ ಯಾರೂ ಪುರಾವೆ ಕೇಳುವುದಿಲ್ಲ. ಮರುದಿನ ಬೆಳಿಗ್ಗೆ ಸೊಸೆ ನನ್ನ ಕೈಗೊಂದು ಗಡಿಯಾರ ಕಟ್ಟಿದಳು. “ಹತ್ತು ಸಾವಿರ ಹೆಜ್ಜೆ ಮಾವ, ದಿನಾ. ಕಮಿಟ್‌ಮೆಂಟ್ ಇರ್ಲಿ” ಎಂದಳು. ಅಲ್ಲಿಂದ ನನ್ನ ವನವಾಸ ಆರಂಭ.

ಟೆಕ್ಸಸ್ಸಿನ ಜುಲೈ ತಿಂಗಳಲ್ಲಿ ನಡೆಯುವುದೆಂದರೆ ಏನೆಂದು ಊರಿನವರಿಗೆ ಹೇಳಿ ನಂಬಿಸುವುದು ಕಷ್ಟ. 2011ರಲ್ಲಿ ಈ ಡಲ್ಲಾಸ್ ಸೀಮೆಯಲ್ಲಿ ನೂರು ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ ದಿನಗಳು 71. ಅದರಲ್ಲಿ 40 ದಿನ ಒಂದರ ಹಿಂದೊಂದು, ಬಿಡುವೇ ಇಲ್ಲದೆ. ಬಿಸಿಲಿನ ಹಟದ ಮುಂದೆ ನಮ್ಮದೇನು! ಗದುಗಿನ ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸ ಒದ್ದೆ ಬಟ್ಟೆಯುಟ್ಟು ಕಂಬಕ್ಕೊರಗಿ ಕೂತು, ಬಟ್ಟೆ ಆರುವ ತನಕ ಮಾತ್ರ ಬರೆಯುತ್ತಿದ್ದನಂತೆ. ಹಾಗೇ ಬರೆದು ಬರೆದು ಹತ್ತು ಪರ್ವ ಮುಗಿಸಿದ ಎಂಬುದು ಐತಿಹ್ಯ. ಆತ ಸೌತ್‌ಲೇಕಿನಲ್ಲಿ ಕೂತಿದ್ದರೆ ದೇವರ ಸ್ತುತಿ ಮುಗಿಯುವ ಮುಂಚೆ ಪಂಚೆ ಗರಿಗರಿಯಾಗಿ, ಕನ್ನಡಕ್ಕೆ ಮಹಾಭಾರತವೇ ದಕ್ಕುತ್ತಿರಲಿಲ್ಲ.

ಆದ್ದರಿಂದ ನಡಿಗೆ ಒಂದೋ ಸೂರ್ಯ ಹುಟ್ಟುವ ಮುಂಚೆ, ಇಲ್ಲವೇ ಮುಳುಗಿದ ಮೇಲೆ. ರಾತ್ರಿ ಮಗ ಟೌನ್ ಸ್ಕ್ವೇರಿಗೆ ಕರೆದುಕೊಂಡು ಹೋಗಿ ಬಿಡುತ್ತಿದ್ದ. ನಡೆಯುವುದಕ್ಕೆಂದು ಕಾರಿನಲ್ಲಿ ಹೋಗುವುದು ಇಲ್ಲಿನ ಪದ್ಧತಿ. ನೂರು ವರ್ಷದ ಹಳೆಯ ಪೇಟೆಯಂತೆ ಕಾಣುವ ಇಟ್ಟಿಗೆ ಕಟ್ಟಡಗಳು, ನಡುವೆ ಕಂಬಗಳ ಪುರಭವನ. ಎಲ್ಲ ಆರಂಭವಾದದ್ದು 1999ರಲ್ಲಿ ಎಂದು ಗೊತ್ತಾದಾಗ ನಾನು ಹೆಂಡತಿಗೆ “ನಮ್ಮ ಮಿಕ್ಸಿ ಇದಕ್ಕಿಂತ ಹಳೇದು ಕಣೇ” ಎಂದೆ. ಊರು ಪಟ್ಟಣವಾದದ್ದೇ 1956ರಲ್ಲಿ, ನನಗಿಂತ ಕಿರಿಯದು. ಉತ್ತರಕ್ಕಿರುವ ಗ್ರೇಪ್‌ವೈನ್ ಕೆರೆ ಕೂಡ 1952ರಲ್ಲಿ ಒಡ್ಡು ಕಟ್ಟಿ ಮಾಡಿದ್ದು. ಇಷ್ಟು ಎಳೆಯ ಊರಿಗೆ ಇಷ್ಟೊಂದು ಅವಸರ ಯಾಕೋ!

ಹತ್ತು ಸಾವಿರ ಎಂಬ ಅಂಕಿ ಎಲ್ಲಿಂದ ಬಂತೆಂದು ವಿಚಾರಿಸುವುದು ಎಣಿಸುವ ಕಸುಬಿನವನ ಧರ್ಮ. ವಿಚಾರಿಸಿದೆ. ವೈದ್ಯರು ಹೇಳಿದ್ದೇ ಅಲ್ಲ! ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಯಮಾಸಾ ಎಂಬ ಕಂಪನಿ ಹೆಜ್ಜೆ ಎಣಿಸುವ ಯಂತ್ರವೊಂದನ್ನು ಮಾರುಕಟ್ಟೆಗೆ ತಂದು, ಅದರ ಹೆಸರಿನಲ್ಲೇ ಹತ್ತು ಸಾವಿರವನ್ನು ಸೇರಿಸಿಬಿಟ್ಟಿತು. ದುಂಡಗಿನ ಸಂಖ್ಯೆ, ಬಾಯಲ್ಲಿ ಚೆನ್ನಾಗಿ ಕೂರುತ್ತದೆ. ಅರವತ್ತು ವರ್ಷಗಳಿಂದ ಜಗತ್ತಿನ ಮಾವಂದಿರೆಲ್ಲ ಅದಕ್ಕೆ ಕಟ್ಟುಬಿದ್ದು ನಡೆಯುತ್ತಿದ್ದಾರೆ.

ಇನ್ನೂ ಒಂದು ಆಧಾರ ಸಿಕ್ಕಿತು. ಹಾರ್ವರ್ಡಿನ ಐ-ಮಿನ್ ಲೀ ಎಂಬ ವಿದ್ವಾಂಸೆ ಮತ್ತವರ ಜೊತೆಯವರು ಹದಿನಾರು ಸಾವಿರಕ್ಕೂ ಹೆಚ್ಚು ವಯಸ್ಸಾದವರ ಹೆಜ್ಜೆ ಎಣಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನ. ದಿನಕ್ಕೆ 4,400 ನಡೆದವರಿಗೇ ಒಳ್ಳೆಯ ಪ್ರಯೋಜನ ಕಂಡಿತ್ತು. 7,500ರ ಆಚೆಗೆ ಹೆಚ್ಚುವರಿ ಲಾಭವೇನೂ ಕಾಣಲಿಲ್ಲ. ಅವರ ಸರಾಸರಿ ವಯಸ್ಸು 72. ನನಗಾಗಿಯೇ ಮಾಡಿದಂತಿತ್ತು! ಪ್ರಿಂಟ್ ತೆಗೆದು, ಮುಖ್ಯವಾದಲ್ಲಿ ಕೆಂಪು ಗೆರೆ ಎಳೆದು, ರಾತ್ರಿ ಊಟಕ್ಕೆ ಮುಂಚೆ ಸೊಸೆಯ ಮುಂದಿಟ್ಟೆ. ಅವಳು ಓದಿದಳು. ಪೂರ್ತಿ ಓದಿದಳು, ಅದೇ ತೊಂದರೆಯಾದದ್ದು.

“ಇದು ಬರೀ ಹೆಂಗಸರ ಸ್ಟಡಿ ಮಾವ.”

ನನ್ನ ಹೆಂಡತಿ ಪ್ರಿಂಟನ್ನು ಮಡಿಸಿ, ತನಗಿರಲಿ ಎಂದು ಇಟ್ಟುಕೊಂಡಳು.

ಸೊಸೆಯ ಮ್ಯಾರಥಾನಿನ ವಿಷಯ ಹೇಳಬೇಕು. 42 ಕಿಲೋಮೀಟರು. ಹೆಚ್ಚು ಕಡಿಮೆ ಕಡೂರಿನಿಂದ ಚಿಕ್ಕಮಗಳೂರಿನಷ್ಟು, ಆ ದಾರಿಗೆ ಬಸ್ಸಿದೆ. 1971ರಲ್ಲಿ ಡಲ್ಲಾಸಿನ ವೈಟ್ ರಾಕ್ ಕೆರೆಯ ಹೆಸರಿನಲ್ಲಿ ಶುರುವಾದ ಓಟವಂತೆ. ಅದಕ್ಕಾಗಿ ಅವಳು ಬೇಸಿಗೆಯಿಡೀ ನಸುಕಿನಲ್ಲೇ ಎದ್ದು ಓಡುತ್ತಿದ್ದಳು. ಅವಳು ಎದ್ದರೆ ಕಾಫಿ ಸಿಗಲಿ ಎಂದು ಅತ್ತೆ ಅವಳಿಗಿಂತ ಮುಂಚೆ ಏಳುತ್ತಿದ್ದಳು. ಅತ್ತೆ ಎದ್ದ ಸದ್ದಿಗೆ ನಾನು. ನಾನು ಕೆಮ್ಮಿದ್ದಕ್ಕೆ ಮೊಮ್ಮಗ. ಅವಳು ಓಡಿ ಬಂದು ಗೆಲುವಾಗಿ ಕೆಲಸಕ್ಕೆ ಹೊರಟರೆ, ಉಳಿದ ನಾವೆಲ್ಲ ಸುಸ್ತಾಗಿ ಸೋಫಾದ ಮೇಲೆ. ಛಲಗಾರರ ಚರಿತ್ರೆಯನ್ನು ಬಹಳ ಜನ ಬರೆದಿದ್ದಾರೆ. ಛಲಗಾರರ ಮನೆಯವರ ನಿದ್ದೆಯ ಚರಿತ್ರೆಯನ್ನು ಇನ್ನಾದರೂ ಯಾರಾದರೂ ಬರೆಯಬೇಕು.

ಮಗನದು ಬೇರೆ ಕಥೆ. ರಾತ್ರಿ ಎಂಟರಿಂದ ಮಧ್ಯಾಹ್ನ ಹನ್ನೆರಡರವರೆಗೆ ಏನೂ ತಿನ್ನುವಂತಿಲ್ಲ. “ಏಕಾದಶಿ ಮಾಡು ಅಂತ ಬಡ್ಕೊಂಡೆ, ಆಗ ಗ್ಯಾಸ್ಟ್ರಿಕ್ ಅಂದೆ” ಎಂದು ಅವನ ತಾಯಿ ದಿನಕ್ಕೊಮ್ಮೆ ನೆನಪಿಸುತ್ತಿದ್ದಳು. ಹನ್ನೊಂದೂವರೆಗೆ ಅವನು ದೋಸೆ ಹಂಚಿನ ಮುಂದೆ ನಿಂತು ಗಡಿಯಾರ ನೋಡುವ ನೋಟವಿತ್ತಲ್ಲ, ಆ ಏಕಾಗ್ರತೆ ಎಸ್ಸೆಸ್ಸೆಲ್ಸಿಯಲ್ಲಿ ಇದ್ದಿದ್ದರೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ.

ಮೊಮ್ಮಗನಿಗೆ ಪದಗಳನ್ನು ಓದಿ ಹೇಳುವ ಕೆಲಸ ನನ್ನದಾಯಿತು. ಡಲ್ಲಾಸಿನ ಆಸುಪಾಸು ಸ್ಪೆಲಿಂಗ್ ಬೀಗೆ ಹೆಸರಾದ ಸೀಮೆ. 2018ರಲ್ಲಿ ದೇಶಮಟ್ಟದ ಸ್ಪರ್ಧೆ ಗೆದ್ದ ಹುಡುಗ ಮೆಕಿನ್ನಿಯವನು. 2019ರಲ್ಲಿ ಒಟ್ಟಿಗೇ ಗೆದ್ದ ಎಂಟು ಮಕ್ಕಳಲ್ಲಿ ಮೂವರು ಇಲ್ಲಿನ ಸುತ್ತಮುತ್ತಲವರು. ಆಲೆನ್ ಊರಿನ ಫೈಜಾನ್ ಜಾಕಿ 2024ರಲ್ಲಿ ಕೊನೆಯ ಹಂತದಲ್ಲಿ ಸೋತು ಎರಡನೆಯವನಾಗಿ, ಮುಂದಿನ ವರ್ಷ ಮತ್ತೆ ಹೋಗಿ ಗೆದ್ದ. ಗೆದ್ದ ಮೇಲೆ ವೇದಿಕೆಯ ಮೇಲೇ ಬಿದ್ದುಬಿಟ್ಟ. ಆ ವಿಡಿಯೊ ನಮ್ಮ ಮನೆಯಲ್ಲಿ ಸುಪ್ರಭಾತದಷ್ಟೇ ನಿಯಮಿತ. ಆ ಸ್ಪರ್ಧೆಯಲ್ಲಿ, ಹೇಳಿದ ಪದ ಯಾವ ಭಾಷೆಯಿಂದ ಬಂದದ್ದೆಂದು ಮಕ್ಕಳು ಪದ ಓದಿ ಹೇಳುವವರನ್ನು ಕೇಳಬಹುದು. ನಾನು ಪಟ್ಟಿ ಹಿಡಿದು ನನಗೆ ತಿಳಿದ ಉಚ್ಚಾರಣೆಯಲ್ಲಿ ಒಂದು ಫ್ರೆಂಚ್ ಪದ ಓದಿದೆ. ಮೊಮ್ಮಗ ಬಹಳ ಹೊತ್ತು ಯೋಚಿಸಿ, “ತಾತ, ಇದು ಯಾವ ಭಾಷೆಯಿಂದ ಬಂದಿದ್ದು?” ಎಂದ.

“ಕಡೂರು” ಎಂದಳು ಅಡಿಗೆಮನೆಯಿಂದ ಹೆಂಡತಿ.

ಸೆಪ್ಟೆಂಬರ್ ಬಂತು, ಬಿಸಿಲು ಇಳಿಯುವ ಲಕ್ಷಣವಿಲ್ಲದಿದ್ದರೂ ಊರು ಹಸಿರಾಯಿತು. ಇಲ್ಲಿನ ಕ್ಯಾರಲ್ ಹೈಸ್ಕೂಲಿನ ಅಮೆರಿಕನ್ ಫುಟ್ಬಾಲ್ ತಂಡ ಡ್ರ್ಯಾಗನ್ಸ್‌ನ ಬಣ್ಣ ಹಸಿರು. ಶುಕ್ರವಾರ ರಾತ್ರಿ ಮುದುಕರು ಮಕ್ಕಳು ನಾಯಿ ಎಲ್ಲ ಹಸಿರು. ಒಂದು ಪ್ರೌಢಶಾಲೆಯ ಆಟಕ್ಕೆ ಇಷ್ಟು ಜನವೇ ಎಂದು ಬಾಯಿ ಬಿಟ್ಟುಕೊಂಡು ಕೂತಿದ್ದವನಿಗೆ ಪಕ್ಕದ ಸೀಟಿನ ಅಜ್ಜ ಪುರಾಣ ಹೇಳಿದ. ಟಾಡ್ ಡಾಜ್ ಎಂಬ ತರಬೇತುದಾರ 2000ರಲ್ಲಿ ಇಲ್ಲಿಗೆ ಬಂದ. 2002ರಲ್ಲಿ ಇಡೀ ಟೆಕ್ಸಸ್ಸಿನ ಪ್ರಶಸ್ತಿ ಗೆಲ್ಲಿಸಿದ. 2003ರ ಅಂತಿಮ ಪಂದ್ಯದಲ್ಲಿ ಹ್ಯೂಸ್ಟನ್ ಪಕ್ಕದ ಕೇಟಿ ಶಾಲೆಯೆದುರು ಒಂದೇ ಅಂಕದಿಂದ, 16–15ರಲ್ಲಿ, ಸೋತ. ಬಿಡಲಿಲ್ಲ, 2004, 2005, 2006 ಮೂರೂ ವರ್ಷ ಗೆದ್ದ. ಆ ಕೊನೆಯ ವರ್ಷ ತಂಡದ ಮುಖ್ಯ ಆಟಗಾರ ಅವನ ಮಗ ರೈಲಿ. ಮುಂದೆ ಅಪ್ಪ ಆಸ್ಟಿನ್ನಿನ ವೆಸ್ಟ್‌ಲೇಕ್ ಶಾಲೆಗೆ ಹೋದ. ಮಗ ಸೌತ್‌ಲೇಕಿನ ತರಬೇತುದಾರನಾದ. 2021ರ ಜನವರಿಯಲ್ಲಿ ಆರ್ಲಿಂಗ್‌ಟನ್ನಿನ ದೊಡ್ಡ ಕ್ರೀಡಾಂಗಣದಲ್ಲಿ ಅಂತಿಮ ಪಂದ್ಯ: ಅಪ್ಪನ ತಂಡಕ್ಕೂ ಮಗನ ತಂಡಕ್ಕೂ!

ನಾನು ಎದ್ದು ನಿಂತುಬಿಟ್ಟೆ. ಬಬ್ರುವಾಹನನ ಕಥೆಯಲ್ಲವೇ ಇದು! ಅದನ್ನು ಜೈಮಿನಿ ಭಾರತದಲ್ಲಿ ಹಾಡಿದ ಲಕ್ಷ್ಮೀಶ ನಮ್ಮ ಕಡೂರು ತಾಲ್ಲೂಕಿನ ದೇವನೂರಿನವನು. ಮಗನ ಬಾಣಕ್ಕೆ ಅರ್ಜುನ ಬಿದ್ದದ್ದು, ಸಂಜೀವಕ ಮಣಿ ತಂದು ಬದುಕಿಸಿದ್ದು, ರಾಜ್‌ಕುಮಾರ್ ಎರಡೂ ಪಾತ್ರ ಮಾಡಿದ್ದು, ಎಲ್ಲವನ್ನೂ ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ. ಅಜ್ಜ ತಾಳ್ಮೆಯಿಂದ ಕೇಳಿ ನಿಟ್ಟುಸಿರು ಬಿಟ್ಟ. ಇಲ್ಲಿ ಅಪ್ಪನೇ ಗೆದ್ದನಂತೆ, 52–34. ಸೌತ್‌ಲೇಕಿಗೆ ನಾಲ್ಕು ಕಿರೀಟ ತಂದವನೇ ಸೌತ್‌ಲೇಕನ್ನು ಕೆಡವಿದ್ದ. ಗೆಲ್ಲುವ ಹಟವನ್ನು ಮಕ್ಕಳಿಗೆ ಕಲಿಸುವ ಅಪ್ಪಂದಿರು, ಮಕ್ಕಳೆದುರು ಅದನ್ನು ಸ್ವಲ್ಪ ಮರೆಯಬೇಕೆಂದು ನನಗನ್ನಿಸಿತು. ಅಜ್ಜನಿಗೂ ಅನ್ನಿಸಿದ್ದಿರಬೇಕು, ತನ್ನ ಪಾಪ್‌ಕಾರ್ನ್ ಪೊಟ್ಟಣ ನನ್ನ ಕಡೆ ಚಾಚಿದ. ಅಂದು ಎದ್ದೂ ಕೂತೂ ಚಪ್ಪಾಳೆ ತಟ್ಟಿಯೂ ನನ್ನ ಗಡಿಯಾರ ನಡೆಯದೆಯೇ ಬಹಳಷ್ಟು ಹೆಜ್ಜೆ ಬರೆದುಕೊಂಡಿತ್ತು. ಸಂಗೀತ ಕಚೇರಿಯಲ್ಲಿ ತಾಳ ಹಾಕಿದರೂ ಬರೆದುಕೊಳ್ಳುತ್ತದೆ ಎಂದು ಆಮೇಲೆ ತಿಳಿಯಿತು. ತನಿ ಆವರ್ತನದ ಮೇಲೆ ಆಸ್ಥೆ ಹುಟ್ಟಿದ್ದು ಆಗಲೇ.

ಹ್ಯೂಸ್ಟನ್ನಿಗೆ ಹೋದಾಗ ಅಲ್ಲಿ ನೆಲೆಸಿದ ನನ್ನ ಹಳೆಯ ಸಹಪಾಠಿ ರೈಸ್ ವಿಶ್ವವಿದ್ಯಾಲಯದ ಕ್ರೀಡಾಂಗಣ ತೋರಿಸಿದ. 1962ರ ಸೆಪ್ಟೆಂಬರ್ 12ರಂದು ಕೆನೆಡಿ ಚಂದ್ರಯಾನದ ಭಾಷಣ ಮಾಡಿದ್ದು ಅಲ್ಲೇ. ಚಂದ್ರನಿಗೇ ಯಾಕೆ ಹೋಗಬೇಕು ಎಂದು ತಾನೇ ಕೇಳಿಕೊಂಡು, ಎತ್ತರದ ಬೆಟ್ಟ ಯಾಕೆ ಹತ್ತುತ್ತಾರೆ ಎಂದು ಕೇಳಿ, ಅದೇ ಉಸಿರಿನಲ್ಲಿ, ರೈಸ್ ತಂಡ ಯಾಕೆ ಟೆಕ್ಸಸ್ ವಿರುದ್ಧ ಆಡುತ್ತದೆ ಎಂದೂ ಕೇಳಿದರಂತೆ. ಆಸ್ಟಿನ್ನಿನ ಟೆಕ್ಸಸ್ ವಿಶ್ವವಿದ್ಯಾಲಯದ ಫುಟ್ಬಾಲ್ ತಂಡ ಅಷ್ಟು ಬಲಶಾಲಿ. ಆ ವರ್ಷ ರೈಸ್‌ನವರು 14–14 ಸಮ ಮಾಡಿಕೊಂಡರು, 1965ರಲ್ಲಿ ಗೆದ್ದೇಬಿಟ್ಟರು. ಅಲ್ಲಿಂದ ಮುಂದೆ ಬರೀ ಸೋಲು. ಮನುಷ್ಯ ಚಂದ್ರನ ಮೇಲೆ ಇಳಿದ. 1972ರ ಹೊತ್ತಿಗೆ ಬೇಸರ ಬಂದು ಹೋಗುವುದನ್ನು ನಿಲ್ಲಿಸಿಯೂಬಿಟ್ಟ. ರೈಸ್ ಮಾತ್ರ ಟೆಕ್ಸಸ್ ಜೊತೆ ಆಡುತ್ತ ಸೋಲುತ್ತ, ಸೋಲುತ್ತ ಆಡುತ್ತ, 1994ರಲ್ಲಿ 19–17ರಿಂದ ಗೆದ್ದಿತು. ಆ ಊರಿನಲ್ಲಿ ನಾಸಾದ ರಾಕೆಟ್ಟನ್ನು ನೋಡಲು ಎಲ್ಲರೂ ಹೋಗುತ್ತಾರೆ. ನನಗಾದರೋ ಆ ಖಾಲಿ ಕ್ರೀಡಾಂಗಣವೇ ಹೆಚ್ಚು ಹಿಡಿಸಿತು. ನನ್ನ ಸಹಪಾಠಿ ಅದೇ ಊರಿನಲ್ಲಿ ಕೂತು ಬಹಳ ಕಾಲದಿಂದ ವೀಣೆ ಕಲಿಯುತ್ತಿದ್ದಾನೆ. ಅವನ ಮನೆಯಲ್ಲಿ ಒಂದು ರಾತ್ರಿ ತಂಗಿದ್ದರಿಂದ ಹೇಳುತ್ತೇನೆ, ಅವನಿನ್ನೂ ಸಮ ಕೂಡ ಮಾಡಿಕೊಂಡಿಲ್ಲ.

ನವೆಂಬರಿನಲ್ಲಿ ಸೊಸೆಗೆ ಮೊಣಕಾಲು ನೋವು ಬಂತು. ಹೆಂಡತಿ ಫ್ರಿಸ್ಕೊ ಊರಿನ ಕಾರ್ಯಸಿದ್ಧಿ ಹನುಮಂತನಿಗೆ ಹರಕೆಯ ತೆಂಗಿನಕಾಯಿ ಕಟ್ಟಿದಳು. ಮೈಸೂರಿನ ಗಣಪತಿ ಸಚ್ಚಿದಾನಂದ ಸ್ವಾಮೀಜಿಯವರು ಸ್ಥಾಪಿಸಿದ ಗುಡಿ. ಬೆಂಗಳೂರಿನ ಗಿರಿನಗರದಲ್ಲಿ ಇರುವ ಹಾಗೆಯೇ ಸಾಲುಸಾಲಾಗಿ ಇಡೀ ಕಾಯಿಗಳು ತೂಗುತ್ತವೆ. ಯಾರದೋ ವೀಸಾ, ಯಾರದೋ ಸೀಟು, ಯಾರದೋ ಮದುವೆ. “ನಿಮ್ಮ ನಡಿಗೆಗೂ ಒಂದು ಕಟ್ಲಾ?” ಎಂದಳು. ಬೇಡವೆಂದೆ, ಕಾಯಿ ಕಟ್ಟಿದರೆ ಪ್ರದಕ್ಷಿಣೆ ಹಾಕಬೇಕಾಗುತ್ತದೆ. ಆಮೇಲೆ ಹೊಳೆಯಿತು: ಪ್ರದಕ್ಷಿಣೆಯೂ ಹೆಜ್ಜೆಯೇ. ಒಂದೇ ಸುತ್ತಿಗೆ ಎರಡು ಕಡೆ ಜಮಾ, ಒಂದು ಹನುಮಂತನ ಖಾತೆಗೆ, ಇನ್ನೊಂದು ಸೊಸೆಯ ಖಾತೆಗೆ. ಬ್ಯಾಂಕಿನಲ್ಲಿ ಹೀಗೆ ಮಾಡಿದ್ದರೆ ಸಸ್ಪೆಂಡ್ ಆಗುತ್ತಿದ್ದೆ. ಗುಡಿಯ ದಾರಿ ಹಿಡಿಯಲು ನಾನೇ ಎಲ್ಲರಿಗಿಂತ ಮುಂಚೆ ಶೂ ಹಾಕಿಕೊಂಡು ನಿಲ್ಲುವುದನ್ನು ನೋಡಿ ಹೆಂಡತಿಗೆ ಕಣ್ತುಂಬಿ ಬಂತು. ನಾನು ತಿದ್ದಲು ಹೋಗಲಿಲ್ಲ.

ಡಿಸೆಂಬರಿನ ಎರಡನೆಯ ಭಾನುವಾರ. ಡಲ್ಲಾಸ್ ನಗರಸಭೆಯ ಮುಂದಿನ ಬಯಲಿನಲ್ಲಿ ಓಟ ಶುರುವಾಗಿ ಅಲ್ಲೇ ಮುಗಿಯುತ್ತದೆ. ಸೊಸೆ ಕೈಬೀಸಿ ಜನರಲ್ಲಿ ಮರೆಯಾದ ಮೇಲೆ ನಮಗೆ ಮಾಡಲು ಕೆಲಸವಿಲ್ಲ, ಕೂರಲು ಮನಸ್ಸಿಲ್ಲ. ಮೊಣಕಾಲು ಏನಾಯಿತೋ ಎಂಬ ದಿಗಿಲಿಗೆ ನಾನು ಈ ಬೇಲಿಯಿಂದ ಆ ಬೇಲಿಗೆ, ಆ ಮೂಲೆಯಿಂದ ಈ ಮೂಲೆಗೆ ಹೋಗುತ್ತಲೇ ಇದ್ದೆ. ಮಗ ಫೋನಿನಲ್ಲಿ ಅವಳ ಚುಕ್ಕೆ ಎಲ್ಲಿದೆ ಎಂದು ನೋಡುತ್ತಿದ್ದ. ಚುಕ್ಕೆ ನಿಂತರೆ ನಮ್ಮ ಜೀವ ನಿಲ್ಲುತ್ತಿತ್ತು. ಗಂಟೆ ಹನ್ನೆರಡು ಆದದ್ದನ್ನು ಅವನು ಗಮನಿಸಲೇ ಇಲ್ಲ, ತಾಯಿ ಕೊಟ್ಟ ಚಪಾತಿ ಸುರುಳಿ ಕೈಯಲ್ಲೇ ಉಳಿಯಿತು.

ಕೊನೆಗೆ ಬಂದಳು. ಓಡಿಕೊಂಡೇ ಬಂದಳು, ಸ್ವಲ್ಪ ವಾರೆಯಾಗಿ. ಕೊರಳಿಗೆ ಪದಕ ಹಾಕಿದರು, ಬೆನ್ನಿಗೆ ಬೆಳ್ಳಿ ಹಾಳೆ ಹೊದಿಸಿದರು. ಮೊಮ್ಮಗ ಹೋಗಿ ಕಾಲು ತಬ್ಬಿಕೊಂಡ. ಅತ್ತೆ ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿ ಕೊಟ್ಟಳು. ಅವಳು ಒಂದು ಗುಟುಕು ಕುಡಿದು, ಉಸಿರು ತಂದುಕೊಂಡು, ನನ್ನ ಕಡೆ ತಿರುಗಿದಳು.

“ಮಾವ, ಇವತ್ತಿಂದು ಆಯ್ತಾ?”

ಮಣಿಕಟ್ಟು ನೋಡಿಕೊಂಡೆ. ನಸುಕಿನ ಗಡಿಬಿಡಿಯಲ್ಲಿ ಗಡಿಯಾರ ಸೌತ್‌ಲೇಕಿನ ಚಾರ್ಜರಿನಲ್ಲೇ ಉಳಿದಿತ್ತು.

“ಬೆಳಗಿಂದ ಒಂದು ಕಡೆ ಕೂತಿಲ್ಲ ಕಣಮ್ಮ ಅವರು, ನಾನೇ ಸಾಕ್ಷಿ” ಎಂದಳು ನನ್ನ ಹೆಂಡತಿ.

“ಸಾಕ್ಷಿ ನಡೆಯಲ್ಲ ಅತ್ತೆ, ಸಿಂಕ್ ಆಗ್ಬೇಕು.”