ಅನುಭವಪತ್ರದ ಸಾಹುಕಾರರು

ಬ್ರಹ್ಮಾವರದಿಂದ ಕುಂದಾಪುರವನ್ನು ಹಾದು ಬೈಂದೂರಿನವರೆಗೆ, ಹೆದ್ದಾರಿಯಿಂದ ತುಸು ಒಳಕ್ಕೆ ಸರಿದ ಯಾವ ಊರಿಗೆ ಹೋದರೂ, ಒಂದು ಕಾಲಕ್ಕೆ ಮುಂಬಯಿಯಲ್ಲಿ ಹೋಟೆಲು ನಡೆಸಿ, ಮೊಣಕಾಲು ಸೋತ ಮೇಲೆ ಊರಿಗೆ ಮರಳಿ, ದೇವಸ್ಥಾನದ ಜೀರ್ಣೋದ್ಧಾರ, ವರ್ಷಕ್ಕೊಂದು ಹರಕೆಯಾಟ, ಸಕ್ಕರೆ ಕಾಯಿಲೆ ಇವಿಷ್ಟನ್ನೂ ಸಮಾನ ಶ್ರದ್ಧೆಯಿಂದ ನಡೆಸಿಕೊಂಡು ಬರುತ್ತಿರುವ ಸಾಹುಕಾರರೊಬ್ಬರು ಜಗಲಿಯಲ್ಲಿ ದೊರೆಯದೆ ಇರುವುದಿಲ್ಲ. ಅವರ ಹೋಟೆಲು ಮುಚ್ಚಿ ಎಷ್ಟೋ ವರ್ಷಗಳು ಸಂದಿವೆ. ಆದರೆ ಅದರ ಹೆಸರು ಅಚ್ಚಾದ ಕಾಗದದ ಒಂದು ಕಟ್ಟೂ, ನೇರಳೆ ಮಸಿಯ ಒಂದು ಮೊಹರೂ ಪೆಟ್ಟಿಗೆಯಲ್ಲಿ ಭದ್ರವಾಗಿವೆ. ಇವೆರಡರ ದೆಸೆಯಿಂದ, ಕುಂದಾಪುರದ ಸಂತೆಗೂ ಹೋಗಲಾರದ ಸಾಹುಕಾರರು ಅಮೆರಿಕದ ವಲಸೆ ವ್ಯವಹಾರದಲ್ಲಿ ಒಂದು ಅನಿವಾರ್ಯ ಅಂಗವಾಗಿ ಪರಿಣಮಿಸಿದ್ದಾರೆ.

ಅವರನ್ನು ಹುಡುಕಿಕೊಂಡು ಬರುವವರೆಂದರೆ, ಹಿಂದೆ ಅವರ ದೋಸೆಕಲ್ಲಿನ ಮುಂದೆ ಬೆವರಿ ಈಗ ನ್ಯೂಜೆರ್ಸಿಯ ಯಾವುದೋ ಹೋಟೆಲಿನಲ್ಲಿ ಬೆವರುತ್ತಿರುವ ಅಡುಗೆ ಭಟ್ಟರ ಅಣ್ಣತಮ್ಮಂದಿರು. ಭಟ್ಟರಿಗೆ ಗ್ರೀನ್ ಕಾರ್ಡು ದೊರಕಬೇಕಾದರೆ ಮೊದಲು ‘ಲೇಬರ್’ ಆಗಬೇಕು. ಎಂದರೆ, ಆ ಪ್ರದೇಶದಲ್ಲಿ ರೂಢಿಯಲ್ಲಿರುವ ಸಂಬಳಕ್ಕೆ ಆ ಕೆಲಸವನ್ನು ಮಾಡಬಲ್ಲ, ಮಾಡಲೊಪ್ಪುವ ಸ್ವದೇಶೀಯನು ಯಾವನೂ ಸಿಕ್ಕಲಿಲ್ಲವೆಂದು ಅಲ್ಲಿನ ಧಣಿಯು ಕಾರ್ಮಿಕ ಇಲಾಖೆಗೆ ಮನಗಾಣಿಸಬೇಕು. 2005ರಲ್ಲಿ ಬಂದ ಪರ್ಮ್ ಪದ್ಧತಿಯಂತೆ ಅದಕ್ಕಾಗಿ ಎರಡು ಭಾನುವಾರ ಪತ್ರಿಕೆಯಲ್ಲಿ ಜಾಹೀರಾತು ಕೊಡತಕ್ಕದ್ದು, ರಾಜ್ಯದ ಉದ್ಯೋಗ ಕಚೇರಿಯ ಮೂಲಕ 30 ದಿನ ಕೆಲಸದ ವಿವರವನ್ನು ಪ್ರಕಟಿಸತಕ್ಕದ್ದು, ಕೆಲಸದ ಜಾಗದಲ್ಲಿ ಸತತ 10 ಕೆಲಸದ ದಿನಗಳ ಪರ್ಯಂತ ಸೂಚನಾಪತ್ರವನ್ನು ಅಂಟಿಸಿರತಕ್ಕದ್ದು. ಊರಿಗೊಂದು ಕಾರ್ಡು ಬರೆದೊಡನೆ ಮರುವಾರ ಮೂವರು ಮಾಣಿಗಳು ಮುಂಬಯಿ ಬಸ್ಸಿನಿಂದಿಳಿಯುತ್ತಿದ್ದ ಕಾಲದ ಸಾಹುಕಾರರಿಗೆ ಇದು ಬಹಳ ವಿನೋದದ ಸಂಗತಿ. ಆದರೂ ಜಾಹೀರಾತನ್ನು ನೋಡಿ ಪತ್ರೊಡೆ ಮಾಡಬಲ್ಲ ಅಮೆರಿಕನ್ನನೊಬ್ಬನು ನಿಜವಾಗಿಯೇ ಬಂದುಬಿಟ್ಟರೆ ಭಟ್ಟರ ಗತಿಯೇನೆಂಬ ಚಿಂತೆಯೂ, ಅಂಥವನು ಬಂದರೆ ಒಮ್ಮೆ ಕಣ್ಣಾರೆ ಕಾಣಬೇಕೆಂಬ ಆಸೆಯೂ ಅವರಲ್ಲಿ ಏಕಕಾಲಕ್ಕೆ ಉಂಟು.

ಆ ಕೆಲಸಕ್ಕೆ ಎರಡು ವರ್ಷದ ಅನುಭವ ಬೇಕೆಂದು ಅರ್ಜಿಯಲ್ಲಿ ಬರೆದಿದ್ದರೆ, ಅದನ್ನು ಭಟ್ಟರು ಬೇರೆ ಕಡೆ ಗಳಿಸಿರಬೇಕು. ಅರ್ಜಿ ಹಾಕುವ ಧಣಿಯ ಬಳಿಯಲ್ಲೇ ಅದೇ ಕೆಲಸದಲ್ಲಿ ಎಷ್ಟು ವರ್ಷ ತೇದರೂ ಅದು ಸಾಮಾನ್ಯವಾಗಿ ಲೆಕ್ಕಕ್ಕಿಲ್ಲ. ಆದಕಾರಣ ಸಮಸ್ತ ಭಾರವೂ ಸಾಹುಕಾರರ ಮೊಹರಿನ ಮೇಲೆ ಬೀಳುತ್ತದೆ. ಅವರು ಮೊದಲು ಬರೆದುಕೊಟ್ಟ ಪತ್ರದಲ್ಲಿ ಭಟ್ಟರು ವಿನಯಶೀಲರೆಂದೂ, ದೈವಭಕ್ತರೆಂದೂ, ಗಲ್ಲಾಪೆಟ್ಟಿಗೆಯ ಕಡೆಗೆ ಒಮ್ಮೆಯೂ ಕಣ್ಣೆತ್ತಿ ನೋಡಿದವರಲ್ಲವೆಂದೂ ಇತ್ತು; ಬೇಯಿಸಿದರೆಂಬ ಮಾತು ಮಾತ್ರ ಎಲ್ಲಿಯೂ ಇರಲಿಲ್ಲ. ವಕೀಲರು ಅದನ್ನು ಹಿಂದಕ್ಕೆ ಕಳುಹಿಸಿ, ಸಚ್ಚಾರಿತ್ರ್ಯ ಬೇಡ, ಸೇರಿದ ದಿನ, ಬಿಟ್ಟ ದಿನ, ಮಾಡಿದ ಕೆಲಸಗಳ ವಿವರ, ಸಹಿ ಮಾಡುವವರ ಹೆಸರು, ಹುದ್ದೆ, ವಿಳಾಸ, ವಾರಕ್ಕೆ ಎಷ್ಟು ಗಂಟೆ ಎಂಬುದು ಇವಿಷ್ಟೇ ಸಾಕು ಎಂದು ತಿಳಿಸಿದರು.

ಸೇರಿದ ದಿನವೇನೋ ಸಾಹುಕಾರರಿಗೆ ಚೆನ್ನಾಗಿ ನೆನಪಿತ್ತು: ಕೋಟೇಶ್ವರದ ಕೊಡಿ ಹಬ್ಬದ ಮಾರನೆಯ ದಿನ. ಯಾವ ಇಸವಿಯ ಕೊಡಿ ಹಬ್ಬವೆಂಬುದನ್ನು ನಿರ್ಧರಿಸಲು ಹಳೆಯ ಪಂಚಾಂಗಗಳನ್ನು ಅಟ್ಟದಿಂದ ಇಳಿಸಬೇಕಾಯಿತು. ಸೇರಿದಾಗ ಭಟ್ಟರ ವಯಸ್ಸೆಷ್ಟೆಂಬುದನ್ನು ಸಾಹುಕಾರರು ಹೇಳುವುದಿಲ್ಲ. ಕೇಳಬೇಕಾದ ನಾವೂ ಕೇಳಲಿಲ್ಲ. ಲೋಟ ತೊಳೆದದ್ದೂ, ಮೇಜು ಒರಸಿದ್ದೂ, ಹಿಟ್ಟು ರುಬ್ಬಿದ್ದೂ ಅಡುಗೆಯವನ ಅನುಭವವಲ್ಲವೆಂದು ವಕೀಲರು ಒಂದೊಂದಾಗಿ ಹೊಡೆದುಹಾಕಿದ ಮೇಲೆ, ದೊಡ್ಡ ಭಟ್ಟರು ತಂಗಿಯ ಮದುವೆಗೆಂದು ಊರಿಗೆ ಹೋದವರು ಹಿಂದಿರುಗದೆ ಹೋದ ದಿನವೇ ಈ ಭಟ್ಟರ ಪದೋನ್ನತಿಯ ದಿನವೆಂದು ತೀರ್ಮಾನವಾಯಿತು.

ಗಂಟೆಯ ವಿಷಯದಲ್ಲಿ ಮಾತ್ರ ಸಾಹುಕಾರರು ಸುತರಾಂ ಬಗ್ಗಲಿಲ್ಲ. ವಕೀಲರು 40 ಎಂದು ಬರೆದು ಕಳುಹಿಸಿದ್ದರು. ಬೆಳಗಿನ ನಾಲ್ಕಕ್ಕೆ ಒಲೆ ಹೊತ್ತಿಸಿ ರಾತ್ರಿ ಹನ್ನೊಂದಕ್ಕೆ ಆರಿಸುತ್ತಿದ್ದ ಸಂಸ್ಥೆಯಲ್ಲಿ, ಮಧ್ಯಾಹ್ನದ ನಿದ್ದೆಯನ್ನು ಕಳೆದರೂ, ವಾರಕ್ಕೆ ನೂರು ಗಂಟೆಗೆ ಕಡಮೆಯಿರಲಿಲ್ಲ. “ಸುಳ್ಳ್ ಬರೂಕೆ ನನ್ ಹತ್ರ ಆತಿಲ್ಲೆ. ಅವ್ರ್ ಎರಡ್ ವರ್ಷ ಅಂಬ್ದನ್ನ ನಮ್ಮನಿ ಮಾಣಿ ಹತ್ತ್ ತಿಂಗ್ಳಂಗೆ ಮುಗ್ಸಿದ್ದ!” ಎಂದು ಅವರು ಗುಡುಗಿದರು. ಗಣಿತದ ದೃಷ್ಟಿಯಿಂದ ಈ ವಾದ ನಿರ್ದುಷ್ಟವಾಗಿದ್ದರೂ, ಕಾನೂನು ತಿಂಗಳುಗಳನ್ನೇ ಎಣಿಸುತ್ತದಾದ್ದರಿಂದ, ಕೊನೆಗೆ ‘ಪೂರ್ಣಾವಧಿ’ ಎಂಬ ಒಂದು ಶಬ್ದದಲ್ಲಿ ಆ ನೂರು ಗಂಟೆಗಳನ್ನೂ ಅಡಗಿಸಲಾಯಿತು.

ಹೀಗೆಂದು ಸಾಹುಕಾರರು ಕೇಳಿದವರಿಗೆಲ್ಲ ಪತ್ರ ಕೊಡುವವರೆಂದು ಯಾರೂ ಭಾವಿಸಬಾರದು. ಮುಂಬಯಿಯಲ್ಲಿದ್ದಾಗ ಅವರಲ್ಲಿ ದಿನವೂ ಊಟ ಮಾಡುತ್ತಿದ್ದ ಬ್ರಹ್ಮಾವರದ ಕಡೆಯ ಯುವಕನೊಬ್ಬನು ಹಣ್ಣಿನ ಬುಟ್ಟಿಯೊಂದಿಗೆ ಬಂದು, ತಾನೂ ಅಲ್ಲಿ ಅಡುಗೆ ಮಾಡಿದ್ದೆನೆಂದು ಬರೆದುಕೊಡಬೇಕಾಗಿ ಬೇಡಿದಾಗ, “ಉಂಡದ್ದಕ್ಕ್ ಬೇಕಾರೆ ಕಾಗ್ದ ಕೊಡ್ತೆ ಮಾಣಿ, ಮಾಡಿದ್ದಕ್ಕ್ ಕೊಡೂಕಾತಿಲ್ಲೆ” ಎಂದು ಬುಟ್ಟಿಯ ಸಮೇತ ಬೀಳ್ಕೊಟ್ಟರು.

ಭೂಗೋಳವೂ ತನ್ನ ಪಾಲಿನ ಕಿರುಕುಳವನ್ನು ಕೊಡದೆ ಬಿಡಲಿಲ್ಲ. ಕಾಗದದ ತಲೆಬರಹದಲ್ಲಿ ಬೊಂಬಾಯಿ, ಪತ್ರದಲ್ಲಿ ಮುಂಬಯಿ. ಭಟ್ಟರ ಶಾಲಾ ದಾಖಲೆಯಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಕುಂದಾಪುರ ತಾಲೂಕು, ಪಾಸ್‌ಪೋರ್ಟಿನಲ್ಲಿ ಉಡುಪಿ ಜಿಲ್ಲೆ, ಈಚಿನ ಕಾಗದಗಳಲ್ಲಿ ಬೈಂದೂರು ತಾಲೂಕು. 1997ರಲ್ಲಿ ಜಿಲ್ಲೆ ಒಡೆದು, 2018ರಲ್ಲಿ ತಾಲೂಕು ಒಡೆದು, ಭಟ್ಟರ ಮನೆ ಮಾತ್ರ ಅದೇ ತೆಂಗಿನ ತೋಟದಲ್ಲಿ ಕದಲದೆ ನಿಂತಿದೆಯೆಂಬುದನ್ನು ಸಾಗರದಾಚೆಯ ಅಧಿಕಾರಿಗೆ ವಿವರಿಸುವ ಪ್ಯಾರಾವೇ ಪತ್ರದಲ್ಲಿ ಅತ್ಯಂತ ದೀರ್ಘವಾಗಿದೆ.

ಇಷ್ಟಾದ ಮೇಲೆ ವಕೀಲರು, ಹೋಟೆಲು ಈಗ ಇಲ್ಲದಿರುವುದರಿಂದ, ಜೊತೆಗೆ ಕೆಲಸ ಮಾಡಿದವರೊಬ್ಬರ ಪ್ರಮಾಣಪತ್ರವೂ ಇದ್ದರೆ ಲೇಸೆಂದರು. ಹಾಗೆ ಉಳಿದವರೆಂದರೆ ಉಪ್ಪುಂದದ ಕಡೆಯ ಹಳೆಯ ಮ್ಯಾನೇಜರರೊಬ್ಬರೇ. ಅವರಿಗೂ ಸಾಹುಕಾರರಿಗೂ ರಥಬೀದಿಯ ಚಪ್ಪರದ ಲೆಕ್ಕದಲ್ಲಿ ಮಾತು ನಿಂತು ಬಹುಕಾಲವಾಗಿತ್ತು. ಭಟ್ಟರ ಭವಿಷ್ಯದ ನಿಮಿತ್ತ ಇಬ್ಬರೂ ಕುಂದಾಪುರದ ನೋಟರಿಯ ಮುಂದೆ ಒಂದೇ ಬೆಂಚಿನ ಎರಡು ತುದಿಗಳಲ್ಲಿ ಕುಳಿತರು. ತಾರೀಕುಗಳು ಹೊಂದಿದವು, ತಿಂಡಿಗಳ ಪಟ್ಟಿಯೂ ಹೊಂದಿತು. ಆದರೆ ದೋಸೆ ಹುಯ್ಯಲು ಕಲಿಸಿದವನು ತಾನೇ ಎಂದು ಇಬ್ಬರೂ ಬರೆಯಿಸಿ ಸಹಿ ಹಾಕಿದರು. ಎರಡು ಕಾಗದಗಳೂ ಒಂದೇ ಲಕೋಟೆಯಲ್ಲಿ ಹೋಗಿವೆ. ‘ಲೇಬರ್’ಗೆ ತಗಲುವ ವಕೀಲರ ವೆಚ್ಚವನ್ನು ಧಣಿಯೇ ಭರಿಸತಕ್ಕದ್ದೆಂದು 2007ರಿಂದ ಅಲ್ಲಿ ನಿಯಮವಿರುವುದು ಭಟ್ಟರ ತಮ್ಮನಿಂದ ಸಾಹುಕಾರರ ಕಿವಿಗೆ ಬಿದ್ದ ಮೇಲೆ, ಕುಂದಾಪುರದ ಕೊರಿಯರ್ ರಸೀದಿಯೂ, ತಮ್ಮ ರಿಕ್ಷಾ ಬಾಡಿಗೆಯೂ ಅದೇ ನಿಯಮದಡಿ ಬರತಕ್ಕದ್ದೆಂದು ಅವರು ಹೋಟೆಲಿನ ಹೆಸರಿನ ಕಾಗದದ ಮೇಲೆಯೇ ನ್ಯೂಜೆರ್ಸಿಗೆ ಬಿಲ್ಲು ಬರೆಯುತ್ತಿದ್ದಾರೆ.